ಬಾಣಂತನ ಮಾಡುವವರಿಗೆ: ಹೆರಿಗೆಯಿಂದ ಆರನೆಯ ವಾರದವರೆಗಿನ ಆರೈಕೆ

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವ ರೂಢಿ ನಮ್ಮಲ್ಲಿ ಇನ್ನೂ ಉಳಿದಿದೆ. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ವೈದ್ಯರು ಮತ್ತು ದಾದಿಯರು ಎಲ್ಲ ಸೂಚನೆಗಳನ್ನೂ ಬಾಣಂತಿಗೆ ಹೇಳುತ್ತಾರೆ. ಆದರೆ ಮನೆಗೆ ಬಂದ ಮೇಲೆ ಅವಳಿಗೆ ಏನು ಬಡಿಸಬೇಕು, ಎಷ್ಟು ನೀರು ಕೊಡಬೇಕು, ಮಗುವಿಗೆ ಯಾವಾಗ ಎರೆಯಬೇಕು ಎಂಬುದನ್ನು ತೀರ್ಮಾನಿಸುವವರು ಬಾಣಂತನ ಮಾಡುವ ತಾಯಿ, ಅಜ್ಜಿ ಅಥವಾ ಚಿಕ್ಕಮ್ಮ. ಈ ಬರಹ ಅವರಿಗಾಗಿ. ನನ್ನ ಇಬ್ಬರು ಹೆಣ್ಣುಮಕ್ಕಳ ಬಾಣಂತನವನ್ನು ನಾನೇ ಮಾಡಿದ್ದೇನೆ. ಹಿರಿಯವಳಿಗೆ ನನ್ನ ತಾಯಿ ನನಗೆ ಮಾಡಿದಂತೆಯೇ ಎಲ್ಲವನ್ನೂ ಮಾಡಿದೆ. ಅದರಲ್ಲಿ ಕೆಲವು ತಪ್ಪುಗಳಿದ್ದವು ಎಂಬುದು ಕಿರಿಯವಳ ಸರದಿ ಬರುವ ಹೊತ್ತಿಗೆ ತಿಳಿಯಿತು. ಬಾಣಂತಿಗೆ ವಿಶ್ರಾಂತಿ, ಬಿಸಿ ಊಟ ಮತ್ತು ಹೊತ್ತುಹೊತ್ತಿಗೆ ಕೈಗೆ ಕೈ ಕೊಡುವ ಹೆಂಗಸೊಬ್ಬಳು ಬೇಕೇಬೇಕು ಎಂದು ಹಿರಿಯರು ಕಂಡುಕೊಂಡದ್ದು ಸರಿಯಾದದ್ದೇ. ಅದರ ಜೊತೆಗೆ ಸೇರಿಕೊಂಡ ಕೆಲವು ಪಥ್ಯಗಳನ್ನೂ ಆಚರಣೆಗಳನ್ನೂ ಮಾತ್ರ ನಾವು ಬಿಡಬೇಕಾಗಿದೆ.

ಹೆರಿಗೆಗೆ ಮೊದಲು

ಮಗಳು ಬಂದ ವಾರದಲ್ಲಿಯೇ ಮಾಡಬೇಕಾದ ಮೊದಲ ಕೆಲಸವೆಂದರೆ, ಗಂಡನ ಮನೆಯ ಊರಿನಲ್ಲಿ ಕೊಟ್ಟ ತಾಯಿ ಕಾರ್ಡನ್ನು ತೆಗೆದುಕೊಂಡು ಹೋಗಿ ತವರಿನ ಆಶಾ ಕಾರ್ಯಕರ್ತೆಯನ್ನೂ ಪ್ರಾಥಮಿಕ ಆರೋಗ್ಯ ಕೇಂದ್ರವನ್ನೂ ಕಾಣುವುದು. ಊರು ಬದಲಾದ ಗರ್ಭಿಣಿಯ ಹೆಸರು ಎರಡೂ ಕಡೆಯ ಪಟ್ಟಿಯಿಂದ ಜಾರಿಹೋಗುವುದು ಸುಲಭ, ಹಾಗೆ ಜಾರಿದರೆ ಕೊನೆಯ ತಿಂಗಳುಗಳ ರಕ್ತದೊತ್ತಡ ಮತ್ತು ಹಿಮೋಗ್ಲೋಬಿನ್ ತಪಾಸಣೆ ತಪ್ಪುತ್ತದೆ. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರಿಗೆ ಉಚಿತ ತಪಾಸಣೆ ನಡೆಯುತ್ತದೆ. ಅದಕ್ಕೆ ಅವಳನ್ನು ಕರೆದುಕೊಂಡು ಹೋಗಿ. ಕಬ್ಬಿಣಾಂಶದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆಯನ್ನು ಒಟ್ಟಿಗೆ ನುಂಗಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲವಾದ್ದರಿಂದ ಎರಡರ ನಡುವೆ ಕೆಲವು ಗಂಟೆಗಳ ಅಂತರವಿರಲಿ, ಕಬ್ಬಿಣದ ಮಾತ್ರೆಯ ಆಸುಪಾಸಿನಲ್ಲಿ ಕಾಫಿ–ಚಹಾ ಬೇಡ.

ನೋವು ಐದು ನಿಮಿಷಕ್ಕೊಮ್ಮೆ ಬರತೊಡಗಿದರೆ ಅಥವಾ ನೀರು ಹೋದರೆ ಆಸ್ಪತ್ರೆಗೆ ಹೊರಡಬೇಕು. ರಕ್ತ ಹೋಗುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು, ತಲೆ ಸಿಡಿಯುವಂತೆ ನೋಯುತ್ತಾ ಕಣ್ಣು ಮಂಜಾಗುವುದು, ಫಿಟ್ಸ್ ಬರುವುದು, ಇವುಗಳಲ್ಲಿ ಯಾವುದು ಕಂಡರೂ ನೋವಿಗಾಗಿ ಕಾಯದೆ, ಹೊತ್ತು ನೋಡದೆ 108ಕ್ಕೆ ಕರೆ ಮಾಡಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆ, ಸಿಸೇರಿಯನ್, ಔಷಧಿ, ಅಗತ್ಯವಿದ್ದರೆ ರಕ್ತ, ಸಹಜ ಹೆರಿಗೆಯಾದರೆ ಮೂರು ದಿನ ಹಾಗೂ ಸಿಸೇರಿಯನ್ ಆದರೆ ಏಳು ದಿನದವರೆಗಿನ ಊಟ, ಮನೆಗೆ ಮರಳುವ ವಾಹನ ಇವೆಲ್ಲ 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಉಚಿತ. ಇದು ಹಕ್ಕಿನಿಂದ ಬರುವ ಸೌಲಭ್ಯ. ಕೇಳಲು ಸಂಕೋಚ ಬೇಡ.

ಮೊದಲ ಗಂಟೆ, ಮೊದಲ ಹಾಲು

ಮಗು ಹುಟ್ಟಿದ ಕೂಡಲೇ ಅದನ್ನು ಒರೆಸಿ, ಬಟ್ಟೆಯಿಲ್ಲದೆ ತಾಯಿಯ ಎದೆಯ ಮೇಲೆ ಮಲಗಿಸಿ, ಮೇಲಿನಿಂದ ಹೊದಿಸಿದರೆ ಅದಕ್ಕೆ ಬೇಕಾದ ಬಿಸುಪು ತಾಯಿಯ ಮೈಯಿಂದಲೇ ಸಿಗುತ್ತದೆ. ಒಂದು ಗಂಟೆಯೊಳಗೆ ಹಾಲು ಕುಡಿಸಲು ಆರಂಭಿಸಬೇಕು. ಮೊದಲ ಎರಡು ಮೂರು ದಿನ ಬರುವುದು ಹಳದಿ ಬಣ್ಣದ, ಅಂಟಂಟಾದ ಗಿಣ್ಣುಹಾಲು. ಹಸು ಕರು ಹಾಕಿದಾಗ ಮೊದಲ ಗಿಣ್ಣನ್ನು ಕರುವಿಗೆ ಕುಡಿಸದಿದ್ದರೆ ಅದು ಸೊರಗುತ್ತದೆಂದು ಬಲ್ಲ ಮನೆಗಳಲ್ಲಿಯೇ ಮಗುವಿನ ಪಾಲಿನ ಗಿಣ್ಣನ್ನು ಹಿಂಡಿ ಚೆಲ್ಲುವುದನ್ನು ನಾನು ನೋಡಿದ್ದೇನೆ. ಅದರಲ್ಲಿ ರೋಗವನ್ನು ತಡೆಯುವ ಅಂಶಗಳು ದಟ್ಟವಾಗಿರುತ್ತವೆ. ಚಮಚೆಯಷ್ಟೇ ಬಂದರೂ ಆ ದಿನಗಳಲ್ಲಿ ಮಗುವಿನ ಪುಟ್ಟ ಹೊಟ್ಟೆಗೆ ಅದು ಸಾಕಾಗುತ್ತದೆ.

ಜೇನುತುಪ್ಪ, ಸಕ್ಕರೆ ನೀರು, ಬಜೆ ತೇಯ್ದ ರಸ, ಗುಟ್ಟಿ, ಬೀದಿಯಲ್ಲಿ ಮಾರಿಕೊಂಡು ಬರುವ ಕತ್ತೆಹಾಲು, ಗ್ರೈಪ್ ವಾಟರ್ ಯಾವುದನ್ನೂ ನೆಕ್ಕಿಸಬಾರದು. ಜೇನುತುಪ್ಪದಲ್ಲಿ ಇರಬಹುದಾದ ಒಂದು ಬಗೆಯ ಬ್ಯಾಕ್ಟೀರಿಯಾ ಹಸುಳೆಯ ಕರುಳಿನಲ್ಲಿ ವಿಷವನ್ನು ಹುಟ್ಟಿಸಿ ಸ್ನಾಯುಗಳನ್ನು ಸಡಿಲಗೊಳಿಸುತ್ತದೆ. ಆದ್ದರಿಂದ ಒಂದು ವರ್ಷ ತುಂಬುವವರೆಗೆ ಜೇನು ನಿಷಿದ್ಧ. ಆರು ತಿಂಗಳವರೆಗೆ ಎದೆಹಾಲಲ್ಲದೆ ನೀರು ಕೂಡ ಬೇಡ. ಬಳ್ಳಾರಿ–ರಾಯಚೂರಿನ ಬೇಸಿಗೆಯಲ್ಲಿಯೂ ಬೇಡ. ಎದೆಹಾಲಿನ ಬಹುಪಾಲು ನೀರೇ ಆಗಿದೆ. ವೈದ್ಯರು ಬರೆದುಕೊಟ್ಟ ವಿಟಮಿನ್ ಡಿ ಹನಿಗಳಿಗೆ ಈ ಮಾತು ಅನ್ವಯಿಸುವುದಿಲ್ಲ.

ಹಾಲು ಕುಡಿಸುವ ಕ್ರಮವನ್ನು ಬಾಣಂತನ ಮಾಡುವವರು ಹತ್ತಿರ ಕುಳಿತು ನೋಡಬೇಕು. ಚೊಚ್ಚಲ ತಾಯಿ ಮಗುವಿನ ಕಡೆಗೆ ಬಾಗುತ್ತಾಳೆ, ಬೆನ್ನು ನೋಯುತ್ತದೆ, ಮಗುವಿಗೆ ತೊಟ್ಟು ಮಾತ್ರ ಸಿಗುತ್ತದೆ. ಅವಳ ಬೆನ್ನಿಗೆ ಗೋಡೆ ಮತ್ತು ದಿಂಬಿನ ಆಸರೆ ಕೊಟ್ಟು, ತೊಡೆಯ ಮೇಲೆ ಇನ್ನೊಂದು ದಿಂಬಿಟ್ಟು ಮಗುವನ್ನು ಎದೆಯ ಎತ್ತರಕ್ಕೆ ತನ್ನಿ. ಮಗುವಿನ ಕಿವಿ, ಭುಜ, ಸೊಂಟ ಒಂದೇ ಗೆರೆಯಲ್ಲಿರಬೇಕು, ಅದರ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಬೇಕು. ತೊಟ್ಟನ್ನು ಮಗುವಿನ ಮೇಲ್ದುಟಿಗೆ ಸವರಿ, ಅದು ಆಕಳಿಸುವಂತೆ ಬಾಯಿ ಅಗಲಿಸುವವರೆಗೆ ಕಾದು, ಆಗ ಮಗುವನ್ನು ಎದೆಯ ಕಡೆಗೆ ತರಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗ ಬಹುಮಟ್ಟಿಗೆ ಬಾಯೊಳಗೆ ಹೋಗಿ, ಕೆಳದುಟಿ ಹೊರಕ್ಕೆ ಮಗುಚಿ, ಗಲ್ಲ ಎದೆಗೆ ಒತ್ತಿದ್ದರೆ ಹಿಡಿತ ಸರಿಯಾಗಿದೆ. ಗುಟುಕು ನುಂಗುವ ಸದ್ದು ಕೇಳಬೇಕು; ಚಪ್ ಚಪ್ ಎಂಬ ಚೀಪುವ ಸದ್ದು ಮಾತ್ರ ಕೇಳಿ ತಾಯಿ ನೋವಿನಿಂದ ಮುಖ ಹಿಂಡಿದರೆ, ಕಿರುಬೆರಳನ್ನು ಮಗುವಿನ ಬಾಯಿಯ ಅಂಚಿನಲ್ಲಿ ತೂರಿಸಿ ಬಿಡಿಸಿ, ಮತ್ತೆ ಹಿಡಿಸಬೇಕು. ಸಿಸೇರಿಯನ್ ಆದವಳಿಗೆ ಮಗ್ಗುಲಾಗಿ ಮಲಗಿ ಕುಡಿಸುವುದು ಹಗುರ.

ಹಗಲು ರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ ಕುಡಿಸಬೇಕಾಗುತ್ತದೆ. ಮಗು ಅತ್ತಾಗಲೆಲ್ಲ ‘ಹಾಲು ಸಾಲದು’ ಎಂದು ಬಾಣಂತಿಯ ಎದುರಿಗೆ ಹೇಳಬೇಡಿ. ಆ ಒಂದು ಮಾತಿನಿಂದ ಎಷ್ಟೋ ಮನೆಗಳಿಗೆ ಪುಡಿಹಾಲಿನ ಡಬ್ಬಿ ಬಂದಿದೆ. ಹಾಲು ಸಾಲುತ್ತಿದೆಯೇ ಎಂಬುದನ್ನು ಒದ್ದೆ ಬಟ್ಟೆ ಎಣಿಸಿ ತಿಳಿಯಬಹುದು: ಐದನೆಯ ದಿನದ ನಂತರ ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯಬೇಕು, ಮೊದಲ ದಿನಗಳ ಕಪ್ಪು ಮಲ ಅಷ್ಟರೊಳಗೆ ಹಳದಿಗೆ ತಿರುಗಿರಬೇಕು. ಮೊದಲ ವಾರ ತೂಕ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು. ಹುಟ್ಟಿದ ತೂಕದ ಹತ್ತನೆಯ ಒಂದು ಭಾಗಕ್ಕಿಂತ ಹೆಚ್ಚು ಇಳಿದರೆ ವೈದ್ಯರಿಗೆ ತೋರಿಸಿ. ಎದೆ ಕಟ್ಟಿಕೊಂಡು ಕಲ್ಲಿನಂತಾದರೆ ಬಿಸಿನೀರಿನ ಬಟ್ಟೆಯ ಶಾಖ ಕೊಟ್ಟು, ಸ್ವಲ್ಪ ಹಾಲನ್ನು ಕೈಯಿಂದ ಹಿಂಡಿ ತೆಗೆದು ಮೆದುವಾಗಿಸಿದರೆ ಮಗುವಿಗೆ ಹಿಡಿಯಲು ಸುಲಭ. ಹೀಗೆ ತೆಗೆದ ಹಾಲನ್ನು ಕುದಿಸಿ ಶುಚಿಮಾಡಿದ ಒಳಲೆಯಲ್ಲಿ ಅಥವಾ ಚಮಚೆಯಲ್ಲಿ ನಾಲ್ಕು ಗಂಟೆಯೊಳಗೆ ಕುಡಿಸಬಹುದು. ಬಾಟಲಿಗಿಂತ ನಮ್ಮ ಹಳೆಯ ಒಳಲೆಯೇ ಮೇಲು, ಅದನ್ನು ತೊಳೆಯುವುದು ಸುಲಭ.

ಬಾಣಂತಿಯ ಊಟ, ನೀರು, ಕೋಣೆ

ಹಿರಿಯ ಮಗಳಿಗೆ ನಾನು ಮಾಡಿದ ದೊಡ್ಡ ತಪ್ಪು ಇಲ್ಲಿಯದು. ‘ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತವಾಗುತ್ತದೆ’ ಎಂದು ದಿನಕ್ಕೆ ಎರಡು ಲೋಟ ಬಿಸಿನೀರನ್ನಷ್ಟೇ ಕೊಟ್ಟೆ, ಮೆಣಸಿನ ಸಾರು–ಅನ್ನದ ಮೇಲೆ ಹದಿನೈದು ದಿನ ಇರಿಸಿದೆ. ಅವಳಿಗೆ ಮಲಬದ್ಧತೆಯಾಗಿ ಹೊಲಿಗೆಯ ಜಾಗ ಬಿರಿಯುವಷ್ಟು ನೋವು ತಿಂದಳು, ಮೂತ್ರ ಉರಿಯತೊಡಗಿತು. ಹಾಲೂಡಿಸುವವಳಿಗೆ ಬಾಯಾರಿದಾಗಲೆಲ್ಲ ನೀರು ಬೇಕು. ಕಾಯಿಸಿ ಆರಿಸಿದ ನೀರಿನ ತಂಬಿಗೆಯನ್ನು ಅವಳ ಕೈಗೆಟುಕುವಲ್ಲಿ ಇಟ್ಟು, ಪ್ರತಿ ಸಲ ಹಾಲೂಡಿಸಲು ಕೂರುವಾಗ ಒಂದು ಲೋಟ ಕುಡಿಸುವುದನ್ನು ಕಿರಿಯವಳಿಗೆ ರೂಢಿಮಾಡಿಸಿದೆ.

ಅಂಟಿನುಂಡೆ, ಬಾಣಂತಿ ಲೇಹ್ಯ, ಬೆಳ್ಳುಳ್ಳಿ, ಮೆಂತ್ಯ, ಸಬ್ಬಸಿಗೆ ಸೊಪ್ಪು ಇವುಗಳನ್ನು ಹಿತವಾಗುವಷ್ಟು ಧಾರಾಳವಾಗಿ ಕೊಡಿ. ಜೊತೆಗೆ ರಾಗಿ, ತೊಗರಿ ಮತ್ತು ಹೆಸರುಬೇಳೆ, ಎಲ್ಲ ಬಗೆಯ ಸೊಪ್ಪು ತರಕಾರಿ, ಹಣ್ಣು, ಹಾಲು ಮೊಸರು, ರೂಢಿಯಿದ್ದರೆ ಮೊಟ್ಟೆ ಮೀನು ಬೇಕು. ಬದನೆ ಬೇಡ, ಬಾಳೆಹಣ್ಣು ಬೇಡ, ಬೇಳೆ ಬೇಡ ಎಂಬ ಪಟ್ಟಿ ಬೆಳೆದಷ್ಟೂ ಬಾಣಂತಿಯ ರಕ್ತಹೀನತೆ ಬೆಳೆಯುತ್ತದೆ. ಕಬ್ಬಿಣಾಂಶದ ಮಾತ್ರೆಯನ್ನು ಹೆರಿಗೆಯ ನಂತರವೂ 180 ದಿನ ನುಂಗಬೇಕೆಂಬುದನ್ನು ಹೆಚ್ಚಿನ ಮನೆಗಳಲ್ಲಿ ಮರೆಯುತ್ತಾರೆ.

ಮುಚ್ಚಿದ ಕೋಣೆಯಲ್ಲಿ ಹೊರಸಿನ ಕೆಳಗೆ ಕೆಂಡ ಹಾಕುವುದನ್ನೂ ಅಗ್ಗಿಷ್ಟಿಕೆ ಇಡುವುದನ್ನೂ ಖಂಡಿತ ಬಿಡಬೇಕು. ಇದ್ದಿಲಿನ ಕೆಂಡದಿಂದ ಹೊರಬೀಳುವ ಕಾರ್ಬನ್ ಮೊನಾಕ್ಸೈಡ್ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದ್ದಲ್ಲಿಯೇ ಜೀವ ತೆಗೆಯಬಲ್ಲದು. ಸಾಂಬ್ರಾಣಿ ಹೊಗೆ ಹಸುಳೆಯ ಶ್ವಾಸಕ್ಕೆ ಕೆಟ್ಟದ್ದು. ಕಿಟಕಿಯೊಂದು ತೆರೆದಿರಲಿ, ನೇರ ಗಾಳಿ ಮಗುವಿನ ಮೇಲೆ ಬೀಸದಿದ್ದರೆ ಸಾಕು. ಬಾಣಂತಿ ಪೂರ್ತಿ ಮಲಗಿಯೇ ಇರುವುದೂ ಒಳ್ಳೆಯದಲ್ಲ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ದಿನವೂ ಮನೆಯೊಳಗೆ ಓಡಾಡಬೇಕು.

ಮಗುವಿನ ಮೈ

ಮೊದಲ 24 ಗಂಟೆ ಸ್ನಾನ ಬೇಡ. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಮಗುವನ್ನು ತೂಕ ಏರುವವರೆಗೆ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಅಂಥ ಮಗುವಿಗೆ ಕುಲಾವಿ ಮತ್ತು ಕಾಲುಚೀಲ ಹಾಕಿ, ತಾಯಿಯ ಬರಿ ಎದೆಗೆ ನೇರವಾಗಿ ಕಟ್ಟಿಕೊಂಡು ದಿನದ ಬಹುಹೊತ್ತು ಇರಿಸಿಕೊಳ್ಳುವ ಕಾಂಗರೂ ಆರೈಕೆ ಎಲ್ಲಕ್ಕಿಂತ ದೊಡ್ಡ ಮದ್ದು. 1978ರಲ್ಲಿ ಕೊಲಂಬಿಯಾದ ಬೊಗೋಟಾದಲ್ಲಿ ಇದು ಆರಂಭವಾಯಿತು. ತಾಯಿ ಊಟ, ಸ್ನಾನಕ್ಕೆ ಎದ್ದಾಗ ಅಜ್ಜಿಯೂ ಮಗುವಿನ ಅಪ್ಪನೂ ಹೀಗೆ ಎದೆಗಪ್ಪಿಕೊಳ್ಳಬಹುದು.

ಕಾಲು ಚಾಚಿ ಕುಳಿತು, ಕಾಲ ಮೇಲೆ ಮಗುವನ್ನು ಮಲಗಿಸಿಕೊಂಡು ಎರೆಯುವುದಾದರೆ ನೀರನ್ನು ಮೊಣಕೈಯಿಂದ ಮುಟ್ಟಿ ನೋಡಿ, ಉಗುರುಬೆಚ್ಚಗಿರಬೇಕು. ಎಣ್ಣೆ ಹಚ್ಚಿ ಹಗುರವಾಗಿ ಸವರುವುದು ಹಿತವೇ. ಆದರೆ ಮೂಗು ಕಿವಿಗೆ ಎಣ್ಣೆ ಬಿಡುವುದು, ಮೂಗಿಗೆ ಊದುವುದು, ಮೂಗನ್ನೂ ತಲೆಯನ್ನೂ ಒತ್ತಿ ‘ಆಕಾರ’ ಕೊಡುವುದು, ಕಣ್ಣಿಗೆ ಕಾಡಿಗೆ ಹಚ್ಚುವುದು ಬೇಡ. ಕೆಲವು ಹಸುಳೆಗಳ ಎದೆ ತಾಯಿಯ ಹಾರ್ಮೋನಿನಿಂದ ಊದಿಕೊಂಡಿರುತ್ತದೆ, ಅದು ತಾನೇ ಇಳಿಯುತ್ತದೆ. ಅದನ್ನು ಹಿಂಡಿದರೆ ಕೀವಾಗುತ್ತದೆ. ಹೊಕ್ಕುಳಬಳ್ಳಿಗೆ ಅರಿಸಿನ, ಹರಳೆಣ್ಣೆ, ಬೂದಿ ಏನನ್ನೂ ಹಚ್ಚದೆ ಒಣಗಿರುವಂತೆ ನೋಡಿಕೊಂಡರೆ ಸುಮಾರು ಐದರಿಂದ ಹದಿನೈದು ದಿನದೊಳಗೆ ಉದುರುತ್ತದೆ. ಮಲಗಿಸುವಾಗ ಅಂಗಾತವಾಗಿ ಮಲಗಿಸಿ, ಮುಖದ ಬಳಿ ದಿಂಬು ಮೆತ್ತೆ ಇಡಬೇಡಿ.

ಹುಟ್ಟಿದ 24 ಗಂಟೆಯೊಳಗೆ ಹೆಪಟೈಟಿಸ್ ಬಿ ಲಸಿಕೆ, ಜೊತೆಗೆ ಬಿಸಿಜಿ ಮತ್ತು ಪೋಲಿಯೊ ಹನಿ, ರಕ್ತಸ್ರಾವ ತಡೆಯುವ ವಿಟಮಿನ್ ಕೆ ಚುಚ್ಚುಮದ್ದು ಆಗಿರುವುದನ್ನು ಕಾರ್ಡಿನಲ್ಲಿ ನೋಡಿಕೊಂಡೇ ಆಸ್ಪತ್ರೆ ಬಿಡಿ. ಜನನ ನೋಂದಣಿ 21 ದಿನದೊಳಗೆ ಆಗಬೇಕು. ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೆಯ ದಿನಗಳಂದು ಮನೆಗೆ ಬಂದು ಮಗುವನ್ನು ತೂಗಿ ನೋಡುತ್ತಾರೆ. ದೃಷ್ಟಿಯಾಗುತ್ತದೆಂದು ಮಗುವನ್ನು ಅವರಿಗೆ ತೋರಿಸದಿರಬೇಡಿ.

ತಡಮಾಡಬಾರದ ಲಕ್ಷಣಗಳು

ಮಗು ಮಲಗಿರುವಾಗ ಅಂಗಿ ಎತ್ತಿ, ಗಡಿಯಾರ ನೋಡುತ್ತಾ ಒಂದು ಪೂರ್ತಿ ನಿಮಿಷ ಹೊಟ್ಟೆಯ ಏರಿಳಿತವನ್ನು ಎಣಿಸಿ. 60 ಅಥವಾ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ. ಆಗಲೂ ಅಷ್ಟೇ ಬಂದರೆ, ಅಥವಾ ಉಸಿರೆಳೆಯುವಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹಾಲು ಕುಡಿಯುವುದನ್ನು ಬಿಡುವುದು, ಎಬ್ಬಿಸಿದರೂ ಜೋಲುಬೀಳುವುದು, ಫಿಟ್ಸ್, ಮೈ ಸುಡುವುದು ಅಥವಾ ಅಂಗಾಲು ಹೊಟ್ಟೆಯೆರಡೂ ತಣ್ಣಗಾಗುವುದು, ಹೊಕ್ಕುಳ ಸುತ್ತ ಕೆಂಪಾಗಿ ಕೀವು ಬರುವುದು ಇವೂ ಅಷ್ಟೇ ಗಂಭೀರ. ಎರಡು ಮೂರನೆಯ ದಿನ ಮುಖ ಸ್ವಲ್ಪ ಹಳದಿಯಾಗುವುದು ಸಾಮಾನ್ಯ. ಆದರೆ ಮೊದಲ ದಿನವೇ ಹಳದಿಯಾದರೆ, ಅಂಗೈ ಅಂಗಾಲಿಗೆ ಹರಡಿದರೆ ಅಥವಾ ಎರಡು ವಾರ ಕಳೆದರೂ ಉಳಿದರೆ ಬಿಸಿಲು ಕಾಯಿಸುತ್ತಾ ಕೂರಬೇಡಿ, ರಕ್ತಪರೀಕ್ಷೆ ಬೇಕು.

ಮನೆಯವರೆಲ್ಲರ ಕಣ್ಣು ಮಗುವಿನ ಮೇಲಿರುವುದರಿಂದ ತಾಯಿಯ ಕಾಯಿಲೆ ತಡವಾಗಿ ಕಾಣುತ್ತದೆ. ಗಂಟೆಯೊಳಗೆ ಒಂದು ಪ್ಯಾಡ್ ತೋಯ್ದು ಹೋಗುವ ರಕ್ತಸ್ರಾವ, ಕೆಟ್ಟ ವಾಸನೆಯ ಸ್ರಾವ, ಜ್ವರ, ಒಂದು ಮೀನಖಂಡ ಮಾತ್ರ ಊದಿ ನೋಯುವುದು, ತೀವ್ರ ತಲೆನೋವಿನೊಡನೆ ಕಣ್ಣು ಮಂಜಾಗುವುದು, ಇವು ಹೆರಿಗೆಯಾಗಿ ವಾರಗಳಾದ ಮೇಲೂ ಬರಬಹುದು. ಮೊದಲ ವಾರ ಕಾರಣವಿಲ್ಲದೆ ಅಳು ಬಂದು ಕೆಲವು ದಿನಗಳಲ್ಲಿ ತಿಳಿಯಾಗುವುದುಂಟು. ಎರಡು ವಾರ ಕಳೆದರೂ ಅವಳು ಮಂಕಾಗಿದ್ದರೆ, ಮಗು ಮಲಗಿದ್ದರೂ ನಿದ್ದೆ ಬಾರದಿದ್ದರೆ, ‘ನಾನಿದ್ದು ಏನು ಪ್ರಯೋಜನ’ ಎಂಬಂಥ ಮಾತಾಡಿದರೆ ಅದನ್ನು ಗಾಳಿ ಸೋಕಿದ್ದು ಎಂದೋ ಸೊಕ್ಕು ಎಂದೋ ತಿಳಿಯದೆ ವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416 ಹಗಲು ರಾತ್ರಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲಿಯೇ ಮಾತನಾಡಬಹುದು. ಪ್ರಾಣ ತೆಗೆದುಕೊಳ್ಳುವ ಮಾತು ಬಂದರೆ, ಇಲ್ಲದ ದನಿ ಕೇಳುತ್ತಿದ್ದರೆ ಅವಳನ್ನೂ ಮಗುವನ್ನೂ ಒಂಟಿಯಾಗಿ ಬಿಡದೆ ಆ ದಿನವೇ ಆಸ್ಪತ್ರೆಗೆ ಸೇರಿಸಬೇಕು.

ಆರನೆಯ ವಾರದಲ್ಲಿ ಮಗುವಿಗೆ ಪೆಂಟಾವೇಲೆಂಟ್, ಪೋಲಿಯೊ, ರೋಟಾ ಮತ್ತು ನ್ಯುಮೋನಿಯಾ ತಡೆಯುವ ಪಿಸಿವಿ ಲಸಿಕೆಗಳ ಮೊದಲ ಡೋಸ್ ಇರುತ್ತದೆ. ಅದೇ ದಿನ ತಾಯಿಯ ರಕ್ತದೊತ್ತಡ, ಹಿಮೋಗ್ಲೋಬಿನ್, ಹೊಲಿಗೆಯನ್ನು ತೋರಿಸಿಕೊಂಡು ಬನ್ನಿ. ಮುಟ್ಟು ಮರಳುವ ಮೊದಲೇ ಗರ್ಭ ನಿಲ್ಲಬಹುದಾದ್ದರಿಂದ, ಮಗಳು ಗಂಡನ ಮನೆಗೆ ಹೊರಡುವ ಮುನ್ನ ಮುಂದಿನ ಮಗುವಿನ ಅಂತರದ ಬಗ್ಗೆ ಅವಳೂ ಅಳಿಯನೂ ಕೂಡಿ ದಾದಿಯ ಬಳಿ ಮಾತನಾಡಲು ಅದೇ ಭೇಟಿಯಲ್ಲಿ ಅನುವು ಮಾಡಿಕೊಡಿ, ಮತ್ತು ಅವಳು ಹೋಗುವ ಊರಿನ ಆಶಾ ಕಾರ್ಯಕರ್ತೆಗೆ ಹತ್ತನೆಯ ಹಾಗೂ ಹದಿನಾಲ್ಕನೆಯ ವಾರದ ಲಸಿಕೆಯ ದಿನಾಂಕಗಳನ್ನು ಫೋನಿನಲ್ಲಿ ತಿಳಿಸಿ ಕಾರ್ಡನ್ನು ಅವಳ ಚೀಲದಲ್ಲಿ ಇಡಿ.