ಹಳೇ 1613 ಇಟ್ಕೊಂಡೋರಿಗೆ: ಮೊದ್ಲು ಬ್ರೇಕು, ಆಮೇಲೆ ಮಿಕ್ಕಿದ್ದು

ಟಾಟಾ 1613 ಲಾರಿ ಈಗ್ಲೂ ನಮ್ ಕಡೆ ಜಲ್ಲಿ, ಎಂ-ಸ್ಯಾಂಡು, ಇಟ್ಟಿಗೆ, ನೀರಿನ ಟ್ಯಾಂಕರು ಅಂತ ದುಡೀತಾನೇ ಇದೆ. ಸುಮಾರು 16 ಟನ್ ಒಟ್ಟು ತೂಕ, 130ರ ಆಸುಪಾಸು ಹಾರ್ಸ್‌ಪವರ್, ಒಳಗೆ ಹೆಚ್ಚಾಗಿ 5.9 ಲೀಟರಿನ ಆರು ಸಿಲಿಂಡರ್ ಕಮಿನ್ಸ್ ಇಂಜಿನ್ನು, ಹಳೇವಾದ್ರೆ ಸೆನ್ಸರ್ ಕಾಟ ಇಲ್ಲ, ಒಂದು ಸೆಟ್ ಸ್ಪ್ಯಾನರ್ ಇದ್ರೆ ಅರ್ಧ ಕೆಲಸ ನಾವೇ ಮಾಡ್ಕೋಬೋದು. ಸೆಕೆಂಡ್ಸಲ್ಲಿ ತಗೊಂಡೋರು ಮೊದಲ ವಾರವೇ ಪೇಂಟು, ಲೈಟು, ಹಾರ್ನು ಅಂತ ದುಡ್ಡು ಸುರೀತಾರೆ. ಆ ದುಡ್ಡು ಮೊದ್ಲು ಬ್ರೇಕಿಗೆ ಹಾಕಿ, ಲೈಟು ಎಲ್ಲೂ ಓಡೋಗಲ್ಲ.

ಈ ಗಾಡಿ ಬ್ರೇಕು ಗಾಳಿ ಒತ್ತಡದಲ್ಲಿ ಕೆಲಸ ಮಾಡೋದು, ಅದಕ್ಕೇ ಏರ್ ಟ್ಯಾಂಕಿಂದ ಶುರು ಮಾಡಿ. ದಿನಾ ಗಾಡಿ ನಿಲ್ಸಿದ ಮೇಲೆ ಟ್ಯಾಂಕಿನ ಕೆಳಗಿರೋ ಡ್ರೈನ್ ಬಿಡಿ. ಬರೀ ನೀರು ಬಂದ್ರೆ ಮಾಮೂಲಿ, ಕಪ್ಪಗೆ ಆಯಿಲ್ ಜಾಸ್ತಿ ಬಂದ್ರೆ ಕಂಪ್ರೆಸರ್ ರಿಂಗ್ ಸವೆದಿದೆ ಅಂತ, ಆ ಆಯಿಲ್ಲು ವಾಲ್ವ್‌ಗಳ ರಬ್ಬರ್ ಎಲ್ಲ ತಿಂದಾಕುತ್ತೆ. ಆಮೇಲೆ ಏರ್ ಫುಲ್ ಏರಿಸಿ, ಇಂಜಿನ್ ಆಫ್ ಮಾಡಿ, ಒಬ್ರು ಪೆಡಲ್ ಒತ್ತಿ ಹಿಡ್ಕೊಂಡು ಗೇಜ್ ನೋಡ್ತಿರ್ಲಿ, ಇನ್ನೊಬ್ರು ಸೋಪ್ ನೀರು ತಗೊಂಡು ಜಾಯಿಂಟ್, ಹೋಸು, ಚಕ್ರದ ಹತ್ರ ಗಾಳಿಯಿಂದ ಬ್ರೇಕ್ ರಾಡ್ ತಳ್ಳೋ ಚೇಂಬರ್ ಎಲ್ಲಾ ಕಡೆ ಸವರ್ಕೊಂಡು ಬರ್ಲಿ, ಗುಳ್ಳೆ ಬಂದಲ್ಲಿ ಲೀಕು. ಪಾರ್ಕಿಂಗ್ ಬ್ರೇಕಿನ ಸ್ಪ್ರಿಂಗ್ ಚೇಂಬರ್‌ನ ಕ್ಲಾಂಪ್ ಮಾತ್ರ ಯಾವತ್ತೂ ನೀವಾಗೇ ಬಿಚ್ಬೇಡಿ, ಒಳಗಿನ ಸ್ಪ್ರಿಂಗ್ ಹಾರಿದ್ರೆ ಜೀವ ಹೋಗುತ್ತೆ.

ಈಗ ಸ್ಲ್ಯಾಕ್ ಅಡ್ಜಸ್ಟರ್, ಅಂದ್ರೆ ಚೇಂಬರ್ ರಾಡಿಗೂ ಬ್ರೇಕಿನ ಕ್ಯಾಮಿಗೂ ಮಧ್ಯ ಇದ್ದು ಸವೆತ ಸರಿದೂಗಿಸೋ ತೋಳು. ಬ್ರೇಕ್ ಲೈನರ್ (ಶೂ ಮೇಲಿನ ಪಟ್ಟಿ) ಸವೆದಂಗೆಲ್ಲ ಚೇಂಬರ್ ರಾಡು ಜಾಸ್ತಿ ಆಚೆ ಬರುತ್ತೆ, ಒಂದು ಹಂತ ದಾಟಿದ್ರೆ ಏರ್ ಎಷ್ಟೇ ಇದ್ರೂ ಡ್ರಮ್ಮಿಗೆ ಒತ್ತಡ ಸೇರಲ್ಲ. ಸಪಾಟು ಜಾಗದಲ್ಲಿ ನಿಲ್ಸಿ, ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಟ್ಟು, ಏರ್ ಫುಲ್ ಇಟ್ಟು ಪಾರ್ಕಿಂಗ್ ಬ್ರೇಕ್ ಬಿಡಿ. ಅಡ್ಜಸ್ಟರ್ ಬೋಲ್ಟಿನ ಲಾಕ್ ಸ್ಲೀವ್ ಮೇಲಿರೋ ಮಣ್ಣು ಕೆರೆದು, ಸ್ಪ್ಯಾನರಿಂದ ಸ್ಲೀವ್ ಒಳಗೆ ಒತ್ತಿ ತಿರುಗಿಸಿ. ಬ್ರೇಕ್ ಹಿಡಿದಾಗ ಶೂಗಳನ್ನ ಅಗಲಿಸೋ ಕ್ಯಾಮ್ ಯಾವ ಕಡೆ ತಿರುಗುತ್ತೋ ಈಗ್ಲೂ ಅದೇ ಕಡೆ ತಿರುಗ್ಬೇಕು, ಉಲ್ಟಾ ಹೋಗ್ತಿದ್ರೆ ನೀವು ಲೂಸ್ ಮಾಡ್ತಿದೀರಾ ಅಂತ. ಶೂ ಡ್ರಮ್ಮಿಗೆ ತಾಗಿ ಬೋಲ್ಟ್ ನಿಂತಾಗ ಕಾಲು ಸುತ್ತಿಂದ ಅರ್ಧ ಸುತ್ತು ವಾಪಸ್ ಬಿಡಿ, ಸ್ಲೀವ್ ಟಕ್ ಅಂತ ಆಚೆ ಬಂದು ಲಾಕ್ ಆಗಿದ್ಯಾ ನೋಡಿ. ರಾಡನ್ನ ಕೈಯಲ್ಲೇ ಜೋರಾಗಿ ಎಳೆದ್ರೆ ಒಂದಿಂಚಿಗಿಂತ ಕಮ್ಮಿ ಬರ್ಬೇಕು. ಒಂದೇ ಆಕ್ಸಲ್ಲಿನ ಎರಡೂ ಕಡೆ ಒಂದೇ ಸಮ ಇಡಿ, ಇಲ್ಲಾಂದ್ರೆ ಬ್ರೇಕ್ ಹಾಕಿದಾಗ ಗಾಡಿ ಒಂದು ಸೈಡಿಗೆ ಎಳೆಯುತ್ತೆ. ಇಷ್ಟಾದ್ಮೇಲೂ ಹಿಡೀತಿಲ್ಲ ಅಂದ್ರೆ ಲೈನರ್ ಮುಗಿದಿದೆ ಅಥವಾ ಹಬ್ ಸೀಲ್ ಹೋಗಿ ಲೈನರ್ ಮೇಲೆ ಆಯಿಲ್ ಕೂತಿದೆ, ಡ್ರಮ್ ಬಿಚ್ಚಲೇಬೇಕು. ಶಿರಾಡಿ ಥರ ಘಾಟಿ ಇಳಿಯೋ ಗಾಡಿ ಆದ್ರೆ ಎಕ್ಸಾಸ್ಟ್ ಬ್ರೇಕಿನ (ಹೊಗೆ ದಾರಿ ತಡೆದು ಗಾಡಿ ನಿಧಾನ ಮಾಡೋದು) ಫ್ಲಾಪು ಮಸಿ ಹಿಡಿದು ಜಾಮ್ ಆಗಿದ್ಯಾ ಅಂತಾನೂ ನೋಡಿ, ಸುಮಾರು ಹಳೇ ಗಾಡೀಲಿ ಅದು ಇರೋದೇ ಮರ್ತೋಗಿರುತ್ತೆ.

ಇಂಜಿನ್ನು ಗಟ್ಟಿ, ಆದ್ರೆ ಧೂಳಿಗೂ ಬಿಸಿಗೂ ಬಗ್ಗುತ್ತೆ. ಕ್ರಷರ್ ಕೆಲಸದ ಗಾಡಿ ಆದ್ರೆ ಏರ್ ಕ್ಲೀನರಿಂದ ಇಂಜಿನ್ ಕಡೆ ಹೋಗೋ ಹೋಸ್ ಬಿಚ್ಚಿ ಒಳಗೆ ಬೆರಳಾಡಿಸಿ, ಬೆರಳಿಗೆ ಹಿಟ್ಟಿನ ಥರ ನುಣ್ಣನೆ ಧೂಳು ಅಂಟಿದ್ರೆ ಫಿಲ್ಟರ್ ಹೊಸದಿದ್ದೂ ಪ್ರಯೋಜನ ಇಲ್ಲ, ಸೀಲೋ ಕ್ಲಿಪ್ಪೋ ಬಿಟ್ಟಿದೆ, ಅದನ್ನ ಮೊದ್ಲು ಸರಿ ಮಾಡ್ಸಿ. ರೇಡಿಯೇಟರಿಗೆ ಬೋರ್‌ವೆಲ್ ನೀರು ಬೇಡ, ಗಡಸು ನೀರಿನ ಸುಣ್ಣ ಒಳಗೆ ಪದರ ಕಟ್ಟುತ್ತೆ, ಕೂಲಂಟೇ ಹಾಕಿ. ಯಾಕಂದ್ರೆ ಈ ಕಮಿನ್ಸ್ ಇಂಜಿನ್ನಿಗೆ ಬಿಚ್ಚಿ ಹಾಕೋ ಸಿಲಿಂಡರ್ ಲೈನರ್ ಇಲ್ಲ, ಬೋರ್ ನೇರ ಬ್ಲಾಕಲ್ಲೇ ಕೊರೆದಿರೋದು, ಬಿಸಿ ಏರಿ ಸೀಜ್ ಆದ್ರೆ ಬ್ಲಾಕ್ ಇಳಿಸಿ ರೀಬೋರ್ ಮಾಡ್ಸಿ ದಪ್ಪ ಪಿಸ್ಟನ್ ಹಾಕ್ಬೇಕು, ಖರ್ಚು ಲೆಕ್ಕ ಹಾಕ್ಕೊಳ್ಳಿ. ಟಪ್ಪೆಟ್ ಸೆಟ್ಟಿಂಗು (ವಾಲ್ವ್ ಗ್ಯಾಪು) ಇಂಜಿನ್ ಪೂರ್ತಿ ತಣ್ಣಗಿದ್ದಾಗ: ಇನ್‌ಟೇಕ್ 0.25 ಎಂಎಂ, ಎಕ್ಸಾಸ್ಟ್ 0.50, ಫೈರಿಂಗ್ ಆರ್ಡರ್ 1-5-3-6-2-4. ಡೀಸೆಲ್ ಫಿಲ್ಟರ್ ಬದಲಾಯಿಸಿದ್ಮೇಲೆ ಹ್ಯಾಂಡ್ ಪಂಪ್ ಹೊಡೆದು ಏರ್ ತೆಗೀರಿ, ಸುಮ್ನೆ ಸೆಲ್ಫ್ ಹೊಡೀತಾ ಬ್ಯಾಟರಿ ಸಾಯಿಸ್ಬೇಡಿ.

ಇನ್ನು ಮಾಡಿಫಿಕೇಶನ್. ಎಲ್ಲಕ್ಕಿಂತ ಬೆಲೆ ಬಾಳೋದು ಪವರ್ ಸ್ಟೇರಿಂಗು, ನಿಮ್ದು ಸಾದಾ ಸ್ಟೇರಿಂಗ್ ಆದ್ರೆ ಕಣ್ಮುಚ್ಚಿ ಮಾಡ್ಸಿ, ಡ್ರೈವರ್ ಭುಜ ಉಳಿಯುತ್ತೆ. ಆದ್ರೆ ಮುಂದಿನ ಚಕ್ರ ತಿರುಗಿಸೋ ಕಿಂಗ್‌ಪಿನ್ನು, ಟೈರಾಡ್ ಎಂಡು ಸವೆದು ಆಡ್ತಿರೋವಾಗ ಹಾಕ್ಸಿದ್ರೆ ಆ ಸಡಿಲ ಡ್ರೈವರ್ ಕೈಗೆ ಗೊತ್ತೇ ಆಗಲ್ಲ, ಅದು ಇನ್ನೂ ಅಪಾಯ, ಮೊದ್ಲು ಅವನ್ನ ಬದಲಾಯಿಸಿ.

ಮ್ಯೂಸಿಕ್ ಸಿಸ್ಟಮ್ಮಿಗೆ ಒಂದು ಮಾತು. ಗಾಡಿ 24 ವೋಲ್ಟು, 12ರ ಎರಡು ಬ್ಯಾಟರಿ ಸಾಲಲ್ಲಿ ಇರೋದು. ಸುಮಾರು ಜನ ಒಂದೇ ಬ್ಯಾಟರಿಯಿಂದ ವೈರ್ ಎಳೆದು 12 ವೋಲ್ಟ್ ಸೆಟ್ ಓಡಿಸ್ತಾರೆ, ಆಗ ಅದೊಂದು ಖಾಲಿ ಆಗ್ತಾ ಇನ್ನೊಂದು ಓವರ್‌ಚಾರ್ಜ್ ಆಗ್ತಾ ಎರಡೂ ಬೇಗ ಕೈ ಕೊಡುತ್ತೆ, ಆಮೇಲೆ ಬ್ಯಾಟರಿ ಕಂಪನೀನ ಬೈತಾರೆ. 24ರಿಂದ 12ಕ್ಕೆ ಇಳಿಸೋ ಕನ್ವರ್ಟರ್ ಹಾಕಿ, ಮಧ್ಯ ಫ್ಯೂಸ್ ಇರ್ಲಿ. ಎಕ್ಸ್‌ಟ್ರಾ ಲೈಟಿಗೂ ರಿಲೇ ಕೊಡಿ, ಹಳೇ ಸ್ವಿಚ್ಚಿಗೆ ನೇರ ಸಿಗಿಸಿದ್ರೆ ಡ್ಯಾಶ್‌ಬೋರ್ಡ್ ಒಳಗೇ ವೈರ್ ಕರಗುತ್ತೆ.

ಡೀಸೆಲ್ ಪಂಪ್ ಸ್ಕ್ರೂ ತಿರುಗಿಸಿ ಪಿಕಪ್ ಏರಿಸೋದು ನಂಗೆ ಸುತಾರಾಂ ಇಷ್ಟ ಇಲ್ಲ. ಗಾಳಿ ಅಷ್ಟೇ ಇದ್ದು ಡೀಸೆಲ್ ಜಾಸ್ತಿ ಆದ್ರೆ ಕಪ್ಪು ಹೊಗೆ, ಪಿಸ್ಟನ್ನಿಗೆ ಬಿಸಿ, ಮೈಲೇಜ್ ಗೋತಾ. ಪಿಕಪ್ ಇಲ್ಲ ಅನ್ಸಿದ್ರೆ ಪಂಪನ್ನ ಪಂಪ್ ರೂಮಿಗೆ ಕೊಟ್ಟು ಟೆಸ್ಟ್ ಬೆಂಚ್ ಮೇಲೆ ಕ್ಯಾಲಿಬ್ರೇಶನ್ ಮಾಡ್ಸಿ, ನಾಜಲ್ಲೂ ಚೆಕ್ ಮಾಡ್ಸಿ, ಎಷ್ಟೋ ಸಲ ಅಷ್ಟಕ್ಕೇ ಸರಿ ಹೋಗುತ್ತೆ. ಹಿಂದೆ ಸ್ಪ್ರಿಂಗ್ ಬ್ಲೇಡ್ ಸೇರಿಸಿ ಲೋಡ್ ಏರಿಸೋದೂ ಅಷ್ಟೇ, ಸ್ಪ್ರಿಂಗ್ ತಡೆಯುತ್ತೆ, ಆಕ್ಸಲ್ಲು ಬ್ರೇಕು ಹಳೇವೇ ತಾನೇ. ಬ್ಲೇಡ್ ಕಟ್ಟಾಗಿ ಬದಲಾಯಿಸಿದ್ರೆ ಸ್ಪ್ರಿಂಗನ್ನ ಆಕ್ಸಲ್ಲಿಗೆ ಬಿಗಿಯೋ ಯೂ ಬೋಲ್ಟನ್ನ ಎರಡ್ಮೂರು ದಿನ ಲೋಡಲ್ಲಿ ಓಡಿಸಿದ್ಮೇಲೆ ಮತ್ತೆ ಟೈಟ್ ಮಾಡಿ, ಲೂಸ್ ಬಿಟ್ರೆ ಸೆಂಟರ್ ಬೋಲ್ಟ್ ತುಂಡಾಗಿ ಆಕ್ಸಲ್ ಜರುಗುತ್ತೆ.

ಟಿಪ್ಪರ್ ಬಾಡಿ ಎತ್ತಿ ಕೆಳಗೆ ಕೆಲಸ ಮಾಡೋವಾಗ ಹೈಡ್ರಾಲಿಕ್ ನಂಬ್ಕೊಂಡು ತಲೆ ತೂರಿಸ್ಬೇಡಿ, ಬಾಡಿ ಖಾಲಿ ಇರ್ಲಿ, ಗಟ್ಟಿ ಸಪೋರ್ಟ್ ನಿಲ್ಸಿ. ಲಾಕ್ ರಿಂಗ್ ಇರೋ ಚಕ್ರದ ಡಿಸ್ಕಲ್ಲಿ ಟೈರಿಗೆ ಗಾಳಿ ಹೊಡಿಸೋವಾಗ ಕೇಜ್ ಒಳಗಿಟ್ಟೇ ಹೊಡಿಸಿ, ಎದುರಿಗೆ ಯಾರೂ ನಿಲ್ಬಾರ್ದು.

ಕಾಗದದ ವಿಷ್ಯ: ಮೋಟಾರು ವಾಹನ ಕಾಯ್ದೆ 52ನೇ ಸೆಕ್ಷನ್ ಪ್ರಕಾರ ಆರ್‌ಸಿಲಿರೋ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಾಯಿಸಂಗಿಲ್ಲ, ಅಂದ್ರೆ ಬಾಡಿ ಎತ್ತರ, ಚಾಸಿ ಉದ್ದ, ಬೇರೆ ಥರದ ಇಂಜಿನ್ನು ಇವೆಲ್ಲ ಆರ್‌ಟಿಒ ಕೇಳ್ದೆ ಮಾಡ್ಬೇಡಿ. ರಾಗ ಹಾಡೋ ಹಾರ್ನಿಗೂ ಅವಕಾಶ ಇಲ್ಲ. 8 ವರ್ಷ ದಾಟಿದ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟು), ಅದರ ತಾರೀಕಿಗೆ ಒಂದು ತಿಂಗಳು ಮುಂಚೆನೇ ಬ್ರೇಕ್ ಕೆಲಸ ಮುಗಿಸ್ಕೊಂಡ್ರೆ ಕೊನೇ ವಾರ ಗ್ಯಾರೇಜಲ್ಲಿ ಸಾಲು ನಿಲ್ಲೋದು ತಪ್ಪುತ್ತೆ.