ಪಾಪು ಎದ್ದು ನಿಲ್ಲೋಕೆ ಶುರು ಮಾಡಿದ್ರೆ ಟೀವಿ ಮೂಲೇಲಿ ಏನೇನು ಮಾಡ್ಬೇಕು?

ಮಗು ಸೋಫಾ ಹಿಡ್ಕೊಂಡು ನಿಲ್ಲೋಕೆ ಕಲೀತಿದ್ದ ಹಾಗೆ ಮನೇಲಿ ಶುರುವಾಗೋ ಚಿಂತೆ ಒಂದೇ, ಅಷ್ಟು ದುಡ್ಡು ಕೊಟ್ಟು ತಂದ ಟೀವಿ, ಚಮಚ ತಗೊಂಡು ಒಂದು ಬಾರಿಸಿದ್ರೆ ಏನಪ್ಪಾ ಗತಿ ಅಂತ. ಸ್ಕ್ರೀನ್ ಹೋದ್ರೆ ಹೋಗ್ಲಿ ಬಿಡಿ, ಇಎಂಐ ಇದ್ದೇ ಇದೆ. ಟೀವಿಯಿಂದ ಮಗೂಗೆ ಏನಾಗಬಹುದು ಅನ್ನೋದು ಮೊದಲ ಲೆಕ್ಕ, ಅದರಲ್ಲಿ ದೊಡ್ಡವು ಎರಡು, ಮೈಮೇಲೆ ಬೀಳೋ ಟೀವಿ, ಹೊಟ್ಟೆಗೆ ಹೋಗೋ ನಾಣ್ಯದಂಥ ಬಟನ್ ಸೆಲ್. ಇವೆರಡನ್ನ ಈ ಭಾನುವಾರವೇ ಮುಗಿಸ್ಕೊಳ್ಳಿ, ಉಳಿದಿದ್ದು ನಿಧಾನಕ್ಕೆ ಮಾಡಿದ್ರೂ ನಡೆಯತ್ತೆ.

ಮೊದಲು ಟೀವಿ ಗಟ್ಟಿ ಮಾಡಿ

ಈಗಿನ ಟೀವಿಗಳು ತೆಳ್ಳಗೆ, ಅಗಲ, ಕೆಳಗೆ ಎರಡು ಪುಟಾಣಿ ಕಾಲು. ಮಗು ಮೇಲಿನ ಅಂಚು ಹಿಡಿದು ಜೋತುಬಿದ್ರೆ ಸಾಕು, ಮುಂದಕ್ಕೆ ವಾಲತ್ತೆ. 55 ಇಂಚಿನ ಟೀವಿ ಅಂದ್ರೆ ಸುಮಾರು 15 ಕೆಜಿ, ಒಂದು ವರ್ಷದ ಮಗು ತೂಗೋದೇ 9-10 ಕೆಜಿ, ಇನ್ನು ನೀವೇ ಯೋಚ್ನೆ ಮಾಡಿ.

ಗೋಡೆಗೆ ಹಾಕಿಬಿಡೋದೇ ಎಲ್ಲಕ್ಕಿಂತ ಒಳ್ಳೇದು. ಆದ್ರೆ ಗೋಡೆ ಎಂಥದ್ದು ಅಂತ ನೋಡ್ದೆ ಡ್ರಿಲ್ ಮಾಡಿಸ್ಬೇಡಿ. ಒಂದು ತೂತು ಕೊರೆದಾಗ ಉದುರೋ ಪುಡಿ ನೋಡಿದ್ರೆ ಗೊತ್ತಾಗತ್ತೆ, ಕೆಂಪಗಿದ್ರೆ ಇಟ್ಟಿಗೆ, ಬೂದು ಬಣ್ಣ ಇದ್ದು ಡ್ರಿಲ್ ಕಷ್ಟಪಟ್ಟು ಹೋಗ್ತಿದ್ರೆ ಸಿಮೆಂಟ್ ಬ್ಲಾಕ್ ಇಲ್ಲಾ ಕಾಂಕ್ರೀಟ್, ಬೆಳ್ಳಗೆ ಹಿಟ್ಟಿನಂಥ ಪುಡಿ ಬಂದು ಡ್ರಿಲ್ ಸಲೀಸಾಗಿ ಒಳಗೆ ಹೋಯ್ತು ಅಂದ್ರೆ ಹೊಸ ಅಪಾರ್ಟ್‌ಮೆಂಟ್‌ಗಳಲ್ಲಿ ಹಾಕೋ ಹಗುರ ಎಎಸಿ ಬ್ಲಾಕ್. ಈ ಕೊನೇದರಲ್ಲಿ ಸ್ಕ್ರೂ ಹಿಡಿಯೋಕೆ ತೂತಿನೊಳಗೆ ಹಾಕೋ ಮಾಮೂಲಿ ಪ್ಲಾಸ್ಟಿಕ್ ಗಿಟ್ಟಿ ನಿಲ್ಲಲ್ಲ, ಇವತ್ತು ಬಿಗಿಯಾಗೇ ಕಾಣತ್ತೆ, ಆರು ತಿಂಗಳಿಗೆ ಸಡಿಲ ಆಗತ್ತೆ, ಹಾಗಾಗಿ ಆ ಬ್ಲಾಕಿಗೆ ಅಂತಲೇ ಬರೋ ಉದ್ದನೆ ಗಿಟ್ಟಿ ಕೇಳಿ ತಗೊಳ್ಳಿ. ಬೆಂಗಳೂರಲ್ಲಿದ್ರೆ ಎಸ್‌ಪಿ ರೋಡ್ ಕಡೆ ಹೋದಾಗ ವಿಚಾರಿಸಿ. ಒಳಗೆ ಪೊಳ್ಳಿರೋ ಬ್ಲಾಕಿಗೂ ಬೇರೆ ಥರದ್ದೇ ಬೇಕು. ಇನ್ನೊಂದು, ಸ್ವಿಚ್ ಬೋರ್ಡಿನ ನೇರ ಮೇಲೆ, ನೇರ ಕೆಳಗೆ ಕೊರೆಯೋಕೆ ಬಿಡ್ಬೇಡಿ, ವೈರಿಂಗ್ ಪೈಪು ಸಾಮಾನ್ಯವಾಗಿ ಅಲ್ಲೇ ಹೋಗಿರತ್ತೆ.

ಬಾಡಿಗೆ ಮನೆ, ಓನರ್ ಆಂಟಿ ಒಂದು ಮೊಳೆ ಹೊಡೆಯೋಕೂ ಬಿಡಲ್ಲ ಅಂತೀರಾ? ಆಗ ಟೀವಿ ಬೀಳದ ಹಾಗೆ ಹಿಡಿಯೋ ಬೆಲ್ಟ್ ಬರತ್ತೆ, ಆನ್‌ಲೈನಲ್ಲಿ ಸುಲಭವಾಗಿ ಸಿಗತ್ತೆ. ಟೀವಿ ಬೆನ್ನಲ್ಲಿ ಗೋಡೆ ಬ್ರ್ಯಾಕೆಟ್‌ಗೆ ಅಂತ ನಾಲ್ಕು ಸ್ಕ್ರೂ ತೂತು ಇರತ್ತಲ್ಲ, ಬೆಲ್ಟಿನ ಒಂದು ತುದಿ ಅಲ್ಲಿಗೆ, ಇನ್ನೊಂದು ತುದಿ ಕೆಳಗಿರೋ ಮರದ ಯೂನಿಟ್ಟಿನ ಹಿಂಬದಿಗೆ. ಎರಡೂ ಕಡೆ ಒಂದೊಂದು ಹಾಕಿ, ಸಡಿಲ ಇಲ್ದಂಗೆ ಎಳೆದು ಬಿಗೀರಿ. ಟೀವಿ ಜೊತೆ ಬಂದ ಅಳತೆಯ ಸ್ಕ್ರೂನೇ ಹಾಕಿ, ಉದ್ದದ್ದು ಹಾಕಿದ್ರೆ ಒಳಗಿನ ಪ್ಯಾನಲ್ಲಿಗೆ ತಾಗಿ ಸ್ಕ್ರೀನ್ ನೀವೇ ಒಡೆದಂಗಾಗತ್ತೆ. ಆದ್ರೆ ಇದು ನಂಬೋ ಹಾಗಿರೋದು ಯೂನಿಟ್ ಅಗಲ ಇದ್ದು, ತಗ್ಗಾಗಿದ್ದು, ಭಾರ ಇದ್ರೆ ಮಾತ್ರ. ಯೂನಿಟ್ಟೇ ಹಗುರ ಇದ್ರೆ ಟೀವಿ ಜೊತೆ ಅದೂ ಮಗುಚತ್ತೆ, ಆಗ ಓನರ್ ಆಂಟಿಗೆ ಕಾಫಿ ಕುಡಿಸಿ ಎರಡು ತೂತಿಗೆ ಪರ್ಮಿಷನ್ ತಗೊಳ್ಳೋದೇ ದಾರಿ, ಮನೆ ಬಿಡುವಾಗ ಪುಟ್ಟಿ ಹಾಕ್ಕೊಡ್ತೀನಿ ಅನ್ನಿ.

ಡ್ರಾಯರ್ ಇರೋ ಯೂನಿಟ್ಟಾದ್ರೆ ಎಲ್ಲಾ ಡ್ರಾಯರ್ ಪೂರ್ತಿ ಎಳೆದು, ಮೇಲಿನದರ ಮೇಲೆ ಕೈಯಿಟ್ಟು ಜೋರಾಗಿ ಒತ್ತಿ ನೋಡಿ. ಹಿಂದಿನ ಕಾಲು ಎದ್ರೆ ಅದನ್ನೂ ಗೋಡೆಗೆ ಎಲ್ ಪಟ್ಟಿ ಹಾಕಿ ಹಿಡಿಸ್ಬೇಕು, ಮಕ್ಕಳಿಗೆ ಡ್ರಾಯರ್ ಅಂದ್ರೆ ಮೆಟ್ಟಿಲು. ಅವರು ಹತ್ತೋದಾದ್ರೂ ಯಾಕೆ, ಮೇಲೆ ಚನ್ನಪಟ್ಟಣದ ಗೊಂಬೆ, ರಿಮೋಟು, ಬಿಸ್ಕತ್ ಡಬ್ಬ ಇಟ್ಟಿರ್ತೀವಿ ಅಂತ! ಟೀವಿ ಸುತ್ತಮುತ್ತ ಮಗೂಗೆ ಆಸೆ ಹುಟ್ಟಿಸೋ ಸಾಮಾನು ಒಂದೂ ಇರಬಾರದು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಆದ್ರೂ ಯಾರೂ ಮಾಡಲ್ಲ.

ಆಮೇಲೆ ರಿಮೋಟುಗಳನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ

ಟೀವಿ ರಿಮೋಟಲ್ಲಿ ಸಾಮಾನ್ಯವಾಗಿ ಪೆನ್ಸಿಲ್ ಸೆಲ್ ಇರತ್ತೆ. ನೋಡ್ಬೇಕಾಗಿದ್ದು ತೆಳ್ಳನೆ ಕಾರ್ಡಿನಂಥ ರಿಮೋಟುಗಳನ್ನ, ಸೌಂಡ್‌ಬಾರ್‌ದು, ಬಣ್ಣದ ಎಲ್‌ಇಡಿ ಸ್ಟ್ರಿಪ್‌ದು. ಅವುಗಳಲ್ಲಿ ಹೆಚ್ಚಾಗಿ ಬರೋದು ನಾಣ್ಯದಂಥ ಲಿಥಿಯಂ ಸೆಲ್, ಮೇಲೆ ಸಿಆರ್2032 ಅಥವಾ ಸಿಆರ್2025 ಅಂತಿರತ್ತೆ. 20 ಮಿಲಿಮೀಟರ್ ಅಗಲ, ಮಗುವಿನ ಅನ್ನನಾಳದಲ್ಲಿ ಸಿಕ್ಕಾಕೊಳ್ಳೋಕೆ ಹೇಳಿ ಮಾಡಿಸಿದ ಅಳತೆ. ಸಿಕ್ಕಾಕೊಂಡಲ್ಲಿ ಒದ್ದೆ ಮಾಂಸಕ್ಕೆ ಕರೆಂಟ್ ಹರಿದು ಕ್ಷಾರ ಹುಟ್ಟತ್ತೆ, ಎರಡೇ ಗಂಟೆಯೊಳಗೆ ಕೆಟ್ಟದಾಗಿ ಸುಟ್ಟಿರಬಹುದು. ರಿಮೋಟಿಗೆ ಸತ್ತುಹೋದ ಸೆಲ್ಲಲ್ಲೂ ಇದಕ್ಕೆ ಸಾಕಾಗೋಷ್ಟು ಕರೆಂಟ್ ಉಳಿದಿರತ್ತೆ, ಹಾಗಾಗಿ ಹಳೇದನ್ನ ತೆಗೆದು ಷೋಕೇಸ್ ಮೇಲಿಡೋ ಅಭ್ಯಾಸ ಬಿಡಿ, ಎರಡೂ ಕಡೆ ಟೇಪ್ ಸುತ್ತಿ ಅವತ್ತೇ ಇ-ವೇಸ್ಟಿಗೆ ಕೊಡೋ ಡಬ್ಬಕ್ಕೆ ಹಾಕಿ ಮೇಲೆತ್ತಿಡಿ.

ಸೆಲ್ ಮುಚ್ಚಳಕ್ಕೆ ಸ್ಕ್ರೂ ಇರೋ ರಿಮೋಟಾದ್ರೆ ಬಿಗಿ ಮಾಡಿ ಇಟ್ಕೊಳ್ಳಿ. ಉಗುರಲ್ಲಿ ಎಳೆದ್ರೆ ಜಾರಿ ಬರೋ ಥರದ್ದಾದ್ರೆ ಮಗು ದೊಡ್ಡದಾಗೋವರೆಗೂ ಬೀಗದ ಕಪಾಟಿಗೆ, ವಾಲ್ಯೂಮ್ ಎದ್ದುಹೋಗಿ ಬದಲಾಯಿಸಿದ್ರೆ ಆಯ್ತು. ಹಾಡು ಹೇಳೋ ಗ್ರೀಟಿಂಗ್ ಕಾರ್ಡು, ಲೈಟ್ ಮಿನುಗೋ ಆಟಿಕೆಗಳನ್ನೂ ಒಂದ್ಸಲ ತಿರುಗಿಸಿ ನೋಡಿಬಿಡಿ.

ನುಂಗಿರಬಹುದು ಅಂತ ಬರೀ ಅನುಮಾನ ಬಂದ್ರೂ ಕಾಯಬೇಡಿ. ಜೊಲ್ಲು, ಕೆಮ್ಮು, ಊಟ ಬೇಡ ಅನ್ನೋದು ಇವೆಲ್ಲ ಲಕ್ಷಣ ಹೌದು, ಆದ್ರೆ ಏನೂ ಇಲ್ಲದೆ ಆಡ್ಕೊಂಡೂ ಇರಬಹುದು. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸ್ಬೇಡಿ, ಬಾಳೆಹಣ್ಣು, ಅನ್ನದುಂಡೆ ತಿನ್ನಿಸಿ ಕೆಳಗಿಳಿಸೋ ಅಜ್ಜಿ ಉಪಾಯ ಬೇಡವೇ ಬೇಡ, 108ಕ್ಕೆ ಫೋನ್ ಮಾಡಿ ಇಲ್ಲಾ ಸೀದಾ ಮಕ್ಕಳನ್ನ ನೋಡೋ ದೊಡ್ಡ ಆಸ್ಪತ್ರೆಗೆ ಹೊರಡಿ. ಒಂದು ವರ್ಷ ದಾಟಿದ ಮಗುವಾಗಿದ್ದು, ನುಂಗಿ 12 ಗಂಟೆ ಆಗಿಲ್ಲ, ನುಂಗೋಕೆ ಆಗ್ತಿದೆ ಅಂದ್ರೆ ದಾರೀಲಿ 10 ನಿಮಿಷಕ್ಕೊಮ್ಮೆ ಎರಡು ಟೀ ಚಮಚ ಜೇನುತುಪ್ಪ ಕೊಡಬಹುದು, ಆರು ಸಲಕ್ಕಿಂತ ಜಾಸ್ತಿ ಬೇಡ, ಅದು ಸುಡೋದನ್ನ ಸ್ವಲ್ಪ ತಡೆಯತ್ತೆ. ವರ್ಷ ತುಂಬದ ಕೂಸಿಗೆ ಜೇನು ಕೊಡಲೇಬಾರದು. ಜೇನು ಹುಡುಕ್ತಾ ಹೊರಡೋದನ್ನ ತಡ ಮಾಡ್ಬೇಡಿ. ಎಕ್ಸ್‌ರೇಲಿ ಸೆಲ್ಲು ನಾಣ್ಯದ ಥರನೇ ಕಾಣಬಹುದು, ಅದಕ್ಕೇ ಬಟನ್ ಸೆಲ್ ಅಂತ ಬಾಯಿಬಿಟ್ಟು ಹೇಳಿ, ಅಂಥದ್ದೇ ಇನ್ನೊಂದು ಸೆಲ್ಲೋ ರಿಮೋಟೋ ಇದ್ರೆ ಜೊತೆಗೆ ತಗೊಂಡು ಹೋಗಿ.

ವೈರು, ಪ್ಲಗ್ಗು

ಟೀವಿ ಹಿಂದೆ ಜೋತಾಡೋ ವೈರು ಎಳೆದ್ರೆ ಸೆಟ್ ಟಾಪ್ ಬಾಕ್ಸ್ ತಲೆ ಮೇಲೆ, ಕುತ್ತಿಗೆಗೆ ಸುತ್ಕೊಂಡ್ರೆ ಇನ್ನೂ ಅಪಾಯ. ಗೋಡೆಗೆ ಅಂಟೋ ಪಿವಿಸಿ ಕೇಸಿಂಗ್ ಪಟ್ಟಿ ಎಲೆಕ್ಟ್ರಿಕಲ್ ಅಂಗಡೀಲಿ ಸಿಗತ್ತೆ, ಎಲ್ಲಾ ವೈರೂ ಅದರೊಳಗೆ ಸೇರಿಸಿ ಮುಚ್ಚಿ. ಎಕ್ಸ್‌ಟೆನ್ಶನ್ ಬಾಕ್ಸ್ ನೆಲದ ಮೇಲೆ ಬೇಡ, ಯೂನಿಟ್ಟಿನ ಹಿಂಬದಿಗೆ ಎತ್ತರದಲ್ಲಿ ಸ್ಕ್ರೂ ಮಾಡಿ. ಹೊಸ ಸಾಕೆಟ್‌ಗಳಲ್ಲಿ ಒಳಗೊಂದು ಶಟರ್ ಇರತ್ತೆ, ಪ್ಲಗ್ ಹಾಕಿದ್ರೇನೇ ಕೆಳಗಿನ ಎರಡು ತೂತು ತೆರೆಯತ್ತೆ, ಹಳೇ ಮನೆಗಳ ಕಪ್ಪು ಸಾಕೆಟ್‌ಗಳಲ್ಲಿ ಇದು ಇಲ್ಲದೇ ಇರಬಹುದು, ಅವನ್ನ ಬದಲಾಯಿಸಿಬಿಡಿ. ಆ ಪುಟಾಣಿ ಪ್ಲಾಸ್ಟಿಕ್ ಮುಚ್ಚಳಗಳ ಮೇಲೆ ನನಗಂತೂ ನಂಬಿಕೆ ಇಲ್ಲ, ಸಡಿಲ ಆದ್ರೆ ಅದೇ ಬಾಯಿಗೆ ಹೋಗತ್ತೆ. ಮೀಟರ್ ಬೋರ್ಡ್ ಹತ್ರ 30 ಮಿಲಿ ಆಂಪಿನ ಆರ್‌ಸಿಸಿಬಿ, ಅಂದ್ರೆ ಕರೆಂಟ್ ಸೋರಿದ್ರೆ ತಾನೇ ಲೈನ್ ಕಟ್ ಮಾಡೋ ಸ್ವಿಚ್ಚು, ಇದ್ಯಾ ನೋಡಿ, ಇಲ್ದಿದ್ರೆ ಹಾಕಿಸಿ, ಶಾಕ್ ಹೊಡೆದ್ರೆ ಜೀವ ಉಳಿಸೋದು ಅದು.

ಸ್ಪೀಕರು, ಸ್ಕ್ರೀನು

ಎತ್ತರದ ಟವರ್ ಸ್ಪೀಕರ್‌ಗೂ ಬೆಲ್ಟು ಬೇಕು. ಸಬ್‌ವೂಫರ್ ತೂತಿಗೆ ಚಪಾತಿ ಚೂರು, ಕ್ರೇಯಾನ್ ಎಲ್ಲಾ ಹೋಗತ್ತೆ, ಅದನ್ನ ಗೋಡೆ ಕಡೆ ತಿರುಗಿಸಿ ಒಂದು ಗೇಣು ಜಾಗ ಬಿಡಿ. ಸ್ಪೀಕರಿನ ಜಾಲರಿ ತೆಗೆದಿಟ್ಟಿದ್ರೆ ವಾಪಸ್ ಹಾಕಿ, ಬೆರಳಿಟ್ಟು ಒತ್ತಿ ನೋಡೋದು ಮಕ್ಕಳ ಮೊದಲನೇ ಕೆಲಸ. ಸ್ಕ್ರೀನ್ ಮುಂದೆ ಹಾಕೋ ಅಕ್ರಿಲಿಕ್ ಗಾರ್ಡು ಸಿಗತ್ತೆ, ಬೆಳಕು ಬಿದ್ರೆ ಹೊಳೆಯತ್ತೆ, ಬೇಕಿದ್ರೆ ಹಾಕ್ಕೊಳ್ಳಿ. ಮೂಲೆಗಳಿಗೆ ಅಂಟಿಸೋ ಫೋಮ್ ಎರಡು ದಿನಕ್ಕೆ ಕಿತ್ತು ಬಾಯಿಗೆ ಹೋಗತ್ತೆ, ಅಂಟಿಸೋದಾದ್ರೆ ದಿನಾ ಎಳೆದು ನೋಡ್ತಿರಿ.

ಊರಿಗೆ ಹೋದಾಗ

ಅಜ್ಜಿ ಮನೇಲಿ ಹಳೇ ಡಬ್ಬ ಟೀವಿ ಇನ್ನೂ ಸ್ಟೂಲಿನ ಮೇಲೋ ಕಬ್ಬಿಣದ ಸ್ಟ್ಯಾಂಡಿನ ಮೇಲೋ ಕೂತಿದ್ರೆ ಬ್ಯಾಗ್ ಇಳಿಸಿದ ಕೂಡ್ಲೇ ನೋಡ್ಬೇಕಾಗಿದ್ದು ಅದನ್ನೇ. ಅದರ ಭಾರ ಎಲ್ಲಾ ಮುಂದಿನ ಗಾಜಲ್ಲೇ ಇರತ್ತೆ, ಸ್ವಲ್ಪ ಎಳೆದ್ರೂ ಮುಂದಕ್ಕೇ ಬೀಳೋದು, 29 ಇಂಚಿನದ್ದಾದ್ರೆ 40 ಕೆಜಿ ಹತ್ತಿರ. ಪ್ಲಗ್ ಕಿತ್ತು, ಇಬ್ಬರು ಸೇರಿ ನೆಲಕ್ಕಿಳಿಸಿ ಗೋಡೆಗೆ ಒತ್ತಿಟ್ಬಿಡಿ, ಅಜ್ಜಿ ಸೀರಿಯಲ್ ಟೈಮಿಗೆ ಮುಂಚೆ ಮಾಡಿ ಮುಗಿಸಿ.