ಮಂಗಳೂರಿನ ಮದುವೆ ಹಾಲಿಗೆ ಎಷ್ಟು ಟನ್ ಎಸಿ? ನಾನು ಲೆಕ್ಕ ಹಾಕಿದ ಬಗೆ

ಎಸಿ ಡಿಸೈನ್ ಮಾಡುವವರನ್ನು ಎಲ್ಲರೂ ಮೊದಲು ಕೇಳುವುದು ಇದನ್ನೇ: ಇಷ್ಟು ಚದರಡಿಗೆ ಎಷ್ಟು ಟನ್ ಬೇಕು? ಇದಕ್ಕೆ ಮಾರುಕಟ್ಟೆಯಲ್ಲಿ ಸಿದ್ಧ ಉತ್ತರವೂ ಇದೆ, ನೂರೈವತ್ತು ಚದರಡಿಗೆ ಒಂದು ಟನ್. ಮನೆಯ ಮಲಗುವ ಕೋಣೆಗೆ ಅದು ಹೇಗೋ ನಡೆದೀತು. ನಾನೂರು ಜನ ಸೇರುವ ಹಾಲಿಗೆ ಖಂಡಿತ ನಡೆಯುವುದಿಲ್ಲ. ನಾನು ಮಾಡಿದ ಎರಡು ಕೆಲಸಗಳ ಅಂಕಿಗಳನ್ನು ಮುಂದಿಟ್ಟುಕೊಂಡೇ ಕಾರಣ ಹೇಳುತ್ತೇನೆ. ಒಂದು ಮಂಗಳೂರಿನ ಕಲ್ಯಾಣ ಮಂಟಪ. ಇನ್ನೊಂದು ಕಲಬುರಗಿಯದು, ಹೆಚ್ಚುಕಡಿಮೆ ಅಷ್ಟೇ ದೊಡ್ಡದು.

ಮಂಗಳೂರಿನ ಹಾಲ್ 4,000 ಚದರಡಿ. ಮಾಲೀಕರು ಪ್ಲಾನ್ ಕೈಗಿಟ್ಟು, "ಲೆಕ್ಕ ಎಲ್ಲ ನಿಮಗೆ ಬಿಟ್ಟದ್ದು ಇಂಜಿನಿಯರ್ರೇ, ನನಗೆ ಎಷ್ಟು ಟನ್ ಅಂತ ಹೇಳಿ ಸಾಕು ಮಾರಾಯ್ರೆ. ಒಬ್ಬರು 27 ಅಂದಿದ್ದಾರೆ" ಎಂದರು. ಆ 27 ಹೇಗೆ ಬಂತೆಂದು ಊಹಿಸುವುದು ಕಷ್ಟವಲ್ಲ, 4,000ವನ್ನು 150ರಿಂದ ಭಾಗಿಸಿದರೆ ಅಷ್ಟೇ ಬರುತ್ತದೆ. ಆ ಭಾಗಾಕಾರದಲ್ಲಿ ಜನರೂ ಇಲ್ಲ, ಹೊರಗಿನ ಗಾಳಿಯೂ ಇಲ್ಲ, ಮಂಗಳೂರೂ ಇಲ್ಲ.

ನಾನು ಮೊದಲು ಹಿಡಿದದ್ದು ಜನರ ಲೆಕ್ಕವನ್ನು. ಮದುವೆಗೆ ಸಾವಿರ ಜನ ಬರುತ್ತಾರೆ ಎನ್ನುತ್ತಾರೆ, ನಿಜವೇ. ಆದರೆ ಸಾವಿರ ಜನ ಒಟ್ಟಿಗೆ ಹಾಲಿನಲ್ಲಿ ಇರುವುದಿಲ್ಲ. ಒಂದು ಪಂಕ್ತಿ ಊಟಕ್ಕೆ ಕೂತಿರುತ್ತದೆ, ಇನ್ನೊಂದು ಗುಂಪು ಕೈತೊಳೆದು ಹೊರಟಿರುತ್ತದೆ, ಕೆಲವರು ಪಾರ್ಕಿಂಗಿನಲ್ಲೇ ಮಾತಿಗೆ ನಿಂತಿರುತ್ತಾರೆ. ಬೇರೆ ಹಾಲ್‌ಗಳಲ್ಲಿ ಮುಹೂರ್ತದ ಹೊತ್ತಿಗೆ ನಿಂತು ನೋಡಿದ್ದೇನೆ. ಕುರ್ಚಿ ಎಷ್ಟಿವೆಯೋ ಅದಕ್ಕೆ ನಿಂತವರನ್ನು ಸೇರಿಸಿದರೆ ನಿಜವಾದ ಸಂಖ್ಯೆ ಸಿಗುತ್ತದೆ. ಇಲ್ಲಿ ಅದು 400. ಸಾವಿರ ಎಂದು ಹಿಡಿದಿದ್ದರೆ ಯಂತ್ರ ಎರಡರಷ್ಟಾಗುತ್ತಿತ್ತು, ಜನ ಕಡಿಮೆ ಇರುವ ದಿನಗಳಲ್ಲಿ ಅದು ಕ್ಷಣಕ್ಕೊಮ್ಮೆ ನಿಂತು ಶುರುವಾಗುತ್ತಿತ್ತು.

ಕೂತು ಹರಟುವ ಒಬ್ಬ ಮನುಷ್ಯನಿಂದ ಗಂಟೆಗೆ ಸುಮಾರು 250 ಬಿಟಿಯು (ಶಾಖದ ಅಳತೆ) ಸೆನ್ಸಿಬಲ್ ಶಾಖ ಹೊರಬರುತ್ತದೆ. ಇದು ಗಾಳಿಯ ಬಿಸಿ ಏರಿಸುವ ಭಾಗ, ಥರ್ಮಾಮೀಟರಿಗೆ ಕಾಣುತ್ತದೆ. ಅದರ ಜೊತೆಗೆ ಇನ್ನೂ 200 ಬಿಟಿಯು ಬೆವರು ಮತ್ತು ಉಸಿರಿನ ತೇವದಲ್ಲಿ ಬರುತ್ತದೆ. ಅದು ಲೇಟೆಂಟ್, ಥರ್ಮಾಮೀಟರಿಗೆ ಕಾಣದು. ಒಂದು ಟನ್ ಎಂದರೆ ಗಂಟೆಗೆ 12,000 ಬಿಟಿಯು ಶಾಖ ಹೊರಹಾಕುವ ಶಕ್ತಿ. ಹಾಗಾಗಿ 400 ಜನರಿಂದ ಸೆನ್ಸಿಬಲ್ 8.3 ಟನ್, ಲೇಟೆಂಟ್ 6.7 ಟನ್, ಒಟ್ಟು 15. ಗೋಡೆ, ಸೂರು, ದೀಪ ಯಾವುದೂ ಇನ್ನೂ ಲೆಕ್ಕಕ್ಕೆ ಬಂದಿಲ್ಲ, ಆಗಲೇ 27ರಲ್ಲಿ ಅರ್ಧಕ್ಕಿಂತ ಹೆಚ್ಚು ಖರ್ಚಾಯಿತು.

ಮುಂದಿನದು ಹೊರಗಿನ ಗಾಳಿ. ಮಂಗಳೂರಿನ ಕೆಲಸಕ್ಕೆ ಜೀವ ಇರುವುದೇ ಇಲ್ಲಿ. ತಲೆಗೆ 8 ಸಿಎಫ್‌ಎಂ (ನಿಮಿಷಕ್ಕೆ ಇಷ್ಟು ಘನ ಅಡಿ) ತಾಜಾ ಗಾಳಿ ಎಂದು ಹಿಡಿದರೆ 3,200 ಸಿಎಫ್‌ಎಂ. ಇದಕ್ಕಿಂತ ಕಡಿಮೆ ಮಾಡಿದರೆ ಮುಹೂರ್ತ ಮುಗಿಯುವಷ್ಟರಲ್ಲಿ ಜನರಿಗೆ ತೂಕಡಿಕೆ, ತಲೆನೋವು. ಹೊರಗೆ ಡ್ರೈ ಬಲ್ಬ್ (ಮಾಮೂಲಿ ಥರ್ಮಾಮೀಟರ್ ತೋರಿಸುವ ತಾಪ) 34 ಡಿಗ್ರಿ ಸೆಲ್ಸಿಯಸ್, ವೆಟ್ ಬಲ್ಬ್ (ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರ್ ತೋರಿಸುವ ತಾಪ) 28 ಎಂದು ಇಟ್ಟುಕೊಂಡೆ. ಒಳಗೆ ಬೇಕಾದದ್ದು 24 ಡಿಗ್ರಿ, ಶೇಕಡಾ 55 ಆರ್ದ್ರತೆ. ಗಾಳಿಯ ತಾಪ, ತೇವ ತೋರಿಸುವ ಸೈಕ್ರೋಮೆಟ್ರಿಕ್ ಚಾರ್ಟ್ ಮೇಲೆ ಈ ಎರಡು ಚುಕ್ಕೆ ಇಟ್ಟು ನೋಡಿ: ಹೊರಗಿನ ಪ್ರತಿ ಕಿಲೋ ಗಾಳಿಯಲ್ಲಿ ಸುಮಾರು 21.6 ಗ್ರಾಂ ನೀರಾವಿ, ಒಳಗೆ ಇರಬೇಕಾದದ್ದು ಕೇವಲ 10.2 ಗ್ರಾಂ. ಒಳಗೆ ಬರುವ ಪ್ರತಿ ಕಿಲೋ ಗಾಳಿಯಿಂದ 11.4 ಗ್ರಾಂ ನೀರನ್ನು ಕಾಯಿಲ್ (ಎಸಿಯ ತಣ್ಣನೆಯ ಕೊಳವೆ ಸುರುಳಿ) ಹಿಂಡಿ ತೆಗೆಯಬೇಕು.

ಎಸಿ ಲೋಡ್ (ಎಸಿ ತೆಗೆಯಬೇಕಾದ ಶಾಖ) ಲೆಕ್ಕ ಹಾಕುವ ಇ-20 ಶೀಟಿನ ರೂಢಿಯ ಸೂತ್ರ ಬಳಸಿದೆ. ಅದರ ಉತ್ತರ ಬಿಟಿಯುನಲ್ಲಿ ಬರುತ್ತದೆ, 12,000ದಿಂದ ಭಾಗಿಸಿದರೆ ಟನ್. ಸೆನ್ಸಿಬಲ್‌ಗೆ 1.08 × 3,200 × 18 ಡಿಗ್ರಿ ಫ್ಯಾರನ್‌ಹೀಟ್ (ಹೊರಗು ಒಳಗಿನ 10 ಡಿಗ್ರಿ ಸೆಲ್ಸಿಯಸ್ ಅಂತರ), 5.2 ಟನ್ ಬಂತು. ಲೇಟೆಂಟ್‌ಗೆ 0.68 × 3,200 × 80 ಗ್ರೇನ್ (ಕಿಲೋಗೆ 11.4 ಗ್ರಾಂ ಎಂಬುದೇ ಪೌಂಡಿಗೆ 80 ಗ್ರೇನ್), 14.5 ಟನ್ ಬಂತು. ಹೊರಗಿನ ಗಾಳಿಯ ಬಿಸಿ ಇಳಿಸಲು ಬೇಕಾದುದರ ಹೆಚ್ಚುಕಡಿಮೆ ಮೂರು ಪಟ್ಟು ಶಕ್ತಿ ಅದರ ತೇವ ತೆಗೆಯಲೇ ಬೇಕು! ಅಂಕಿಯಲ್ಲಿ ಹೇಳಿದರೆ ಮಾಲೀಕರಿಗೆ ಮನಸ್ಸಿಗೆ ಇಳಿಯಲಿಲ್ಲ. ನೀರಿನ ಲೆಕ್ಕದಲ್ಲಿ ಹೇಳಿದೆ: ಹಾಲ್ ತುಂಬಿದಾಗ ತಾಜಾ ಗಾಳಿಯಿಂದ ಗಂಟೆಗೆ 75 ಲೀಟರ್, ಜನರ ಬೆವರು ಉಸಿರಿನಿಂದ 34 ಲೀಟರ್, ಅಂದರೆ ಗಂಟೆಗೆ ನೂರಕ್ಕೂ ಹೆಚ್ಚು ಲೀಟರ್ ನೀರು ಡ್ರೈನ್ ಪೈಪಿನಲ್ಲಿ ಹರಿಯಬೇಕು. ಅವರು ಆಗ ನೇರ ಕುಳಿತರು. ಪ್ಲಂಬರನ್ನು ಅಲ್ಲಿಯೇ ಕರೆಸಿ ಪೈಪಿನ ಅಳತೆ, ಇಳಿಜಾರು ಎಲ್ಲ ಮಾತಾಡಿದೆವು.

ವಿಲ್ಲಿಸ್ ಕ್ಯಾರಿಯರ್ 1902ರಲ್ಲಿ ಮೊದಲ ವ್ಯವಸ್ಥೆಯನ್ನು ರೂಪಿಸಿದ್ದು ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ. ಅಲ್ಲಿನ ತೊಂದರೆ ಸೆಕೆಯದ್ದಾಗಿರಲಿಲ್ಲ, ತೇವಕ್ಕೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಹವಾನಿಯಂತ್ರಣದ ಕೆಲಸ ಶುರುವಾದದ್ದೇ ತೇವದಿಂದ. ಕರಾವಳಿಯಲ್ಲಿ ಕೆಲಸ ಮಾಡುವವರು ಇದನ್ನು ಮರೆಯಬಾರದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಉಳಿದವು ಬೇಗ ಮುಗಿದವು. ದೀಪಗಳು ಎಲ್‌ಇಡಿ, ಆದರೆ ವೇದಿಕೆಯ ಅಲಂಕಾರದ ದೀಪ ಮತ್ತು ವಿಡಿಯೋದವರ ಲೈಟುಗಳನ್ನು ಬಿಡುವಂತಿಲ್ಲ. ಎಲ್ಲ ಸೇರಿ 8 ಕಿಲೋವ್ಯಾಟ್, 2.3 ಟನ್. ಸ್ಲ್ಯಾಬಿನ ಮೇಲೆ ಕರಾವಳಿಯ ರೂಢಿಯಂತೆ ಮಳೆಗೆಂದು ಶೀಟಿನ ಮಾಡು ಹಾಕಿದ್ದರು. ಅದರ ನೆರಳು ಬಿಸಿಲನ್ನೂ ತಡೆಯುತ್ತದೆ, ಹಾಗಾಗಿ ಸೂರಿಗೆ 2.5 ಟನ್ ಸಾಕಾಯಿತು. ಗೋಡೆ, ಗಾಜು 3 ಟನ್.

ಗಾಜಿನ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಪಶ್ಚಿಮಕ್ಕೆ ದೊಡ್ಡ ಕಿಟಕಿಗಳಿದ್ದವು, ಸಂಜೆ ನಾಲ್ಕಕ್ಕೆ ಅಲ್ಲಿಂದ ಬರುವ ಶಾಖ ಮಧ್ಯಾಹ್ನಕ್ಕಿಂತ ತುಂಬಾ ಹೆಚ್ಚು. ಆದರೆ ಆ ಹೊತ್ತಿಗೆ ಊಟ ಮುಗಿದು ಹಾಲ್ ಖಾಲಿಯಾಗಿರುತ್ತದೆ. ರಿಸೆಪ್ಷನ್ನಿಗೆ ಜನ ಮತ್ತೆ ತುಂಬುವಾಗ ಸೂರ್ಯ ಮುಳುಗಿರುತ್ತಾನೆ. ಗಾಜಿನ ಅತಿ ಹೆಚ್ಚಿನ ಅಂಕಿಯನ್ನೂ ಜನರ ಅತಿ ಹೆಚ್ಚಿನ ಅಂಕಿಯನ್ನೂ ಕೂಡಿಸಿದರೆ ಎಂದೂ ಬರದ ಗಳಿಗೆಗೆ ಯಂತ್ರ ಕೊಂಡಂತೆ. ಅದಕ್ಕೇ ನಾನು ಮಧ್ಯಾಹ್ನ ಹನ್ನೆರಡು, ಸಂಜೆ ನಾಲ್ಕು, ರಾತ್ರಿ ಏಳೂವರೆ ಎಂದು ಮೂರು ಹೊತ್ತಿನ ಶೀಟು ಬೇರೆ ಬೇರೆ ಮಾಡಿದೆ. ಮುಹೂರ್ತದ ಹೊತ್ತೇ ಎಲ್ಲಕ್ಕಿಂತ ಭಾರವಾಗಿ ಬಂತು.

ಒಟ್ಟು 42.5 ಟನ್. ಫ್ಯಾನಿನ ಶಾಖ, ಡಕ್ಟಿನ ಸೋರಿಕೆಗೆ ಶೇಕಡಾ 5 ಸೇರಿಸಿ 45 ಎಂದು ನಿಲ್ಲಿಸಿದೆ. ಕೆಲವರು ಇದರ ಮೇಲೆ ಇನ್ನೂ 20 ಪರ್ಸೆಂಟ್ ಸೇಫ್ಟಿ ಹಾಕುತ್ತಾರೆ, ನಾನು ಹಾಕುವುದಿಲ್ಲ. ಜನರ ಸಂಖ್ಯೆ, ಗಾಳಿಯ ಪ್ರಮಾಣ ಕಣ್ಣಾರೆ ನೋಡಿ ಹಿಡಿದ ಮೇಲೆ ಅಷ್ಟು ಭಯಪಡಬೇಕಾಗಿಲ್ಲ.

ಈಗ ಕಲಬುರಗಿಗೆ ಬನ್ನಿ. ಅಷ್ಟೇ ಜನ, ಅಷ್ಟೇ ಗಾಳಿ. ಹೊರಗೆ ಡ್ರೈ ಬಲ್ಬ್ 42, ವೆಟ್ ಬಲ್ಬ್ 23. ಮಂಗಳೂರಿಗಿಂತ 8 ಡಿಗ್ರಿ ಹೆಚ್ಚು ಕಾದ ಗಾಳಿ. ತಾಜಾ ಗಾಳಿಯ ಸೆನ್ಸಿಬಲ್ ಲೋಡ್ 9 ಟನ್ನಿಗೆ ಏರಿತು. ಊರು ಸಮುದ್ರ ಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿರುವುದರಿಂದ ಗಾಳಿ ತುಸು ತೆಳು, ಅದನ್ನೂ ಕಳೆದ ಮೇಲಿನ ಅಂಕಿ ಇದು. ಆದರೆ ಆ ಒಣ ಬಿಸಿಲಿನ ಗಾಳಿಯಲ್ಲಿ ಕಿಲೋಗೆ 10 ಗ್ರಾಂ ಆಸುಪಾಸು ಮಾತ್ರ ನೀರಾವಿ, ಒಳಗೆ ಬೇಕಾದಷ್ಟೇ. ತಾಜಾ ಗಾಳಿಯ ಲೇಟೆಂಟ್ ಲೋಡ್ ಹೆಚ್ಚುಕಡಿಮೆ ಸೊನ್ನೆ. ಅಲ್ಲಿ ಸ್ಲ್ಯಾಬಿಗೆ ನೆರಳಿರಲಿಲ್ಲ, ಸೂರು ಒಂದೇ 8 ಟನ್ ತಿಂದಿತು. ಆದರೂ ಒಟ್ಟು 38, ಫ್ಯಾನಿನ ಶೇಕಡಾ 5 ಸೇರಿ 40. ಉರಿಬಿಸಿಲಿನ ಊರಿಗೆ ಕಡಲ ಊರಿಗಿಂತ ಕಡಿಮೆ ಟನ್! ಅಲ್ಲಿ ಸೂರಿನ ಮೇಲೆ ಇನ್ಸುಲೇಷನ್ ಹಾಕಿಸಲು ಒತ್ತಾಯ ಮಾಡಿದೆ. 50 ಮಿಲಿಮೀಟರ್ ಶೀಟ್ ಹಾಕಿದರೆ ಆ 8 ಟನ್ ಒಂದೂವರೆಯೊಳಗೆ ಇಳಿಯುತ್ತದೆ.

ಟನ್ನಿಗಿಂತ ದೊಡ್ಡ ವ್ಯತ್ಯಾಸ ಹಂಚಿಕೆಯಲ್ಲಿದೆ. ಕಲಬುರಗಿಯಲ್ಲಿ ಒಟ್ಟು ಲೋಡಿನ ಶೇಕಡಾ 80ಕ್ಕೂ ಹೆಚ್ಚು ಸೆನ್ಸಿಬಲ್. ಮಂಗಳೂರಿನಲ್ಲಿ ಸರಿಯಾಗಿ ಅರ್ಧರ್ಧ. ಹಾಗಾಗಿ ಮಂಗಳೂರಿನಲ್ಲಿ 45 ಟನ್ನಿನ ಮಾಮೂಲಿ ಯಂತ್ರಗಳನ್ನು ತಂದು ಕೂರಿಸಿದರೂ ಸಾಲದು. ಥರ್ಮೋಸ್ಟಾಟ್ 24 ಕಂಡ ಕೂಡಲೇ ಕಂಪ್ರೆಸರ್ ನಿಲ್ಲುತ್ತದೆ, ತೇವ ಹಾಗೇ ಉಳಿಯುತ್ತದೆ, ಜನ ತಂಪಿನಲ್ಲೇ ಕೂತು ಬೆವರುತ್ತಾರೆ. ಅದಕ್ಕೆ ನಾನು ಕೆಲಸವನ್ನು ಎರಡಾಗಿ ಒಡೆದೆ. ಹೊರಗಿನ ಗಾಳಿಗೆಂದೇ 20 ಟನ್ನಿನ ಒಂದು ಟಿಎಫ್‌ಎ (ಟ್ರೀಟೆಡ್ ಫ್ರೆಶ್ ಏರ್ ಯಂತ್ರ), ಗಾಳಿಯನ್ನು ಒಣಗಿಸಿಯೇ ಒಳಗೆ ಬಿಡುತ್ತದೆ. ಹಾಲಿನೊಳಗಿನ ಲೋಡಿಗೆ ಮಿಕ್ಕ 25 ಟನ್, 9,000 ಸಿಎಫ್‌ಎಂ ಆಸುಪಾಸು. ಒಳಗಿನ ಲೋಡಿನಲ್ಲಿ ಸೆನ್ಸಿಬಲ್ ಪಾಲು 0.7, ಚಾರ್ಟಿನಲ್ಲಿ ಆ ಗೆರೆ ಎಳೆದರೆ ಕಾಯಿಲ್‌ನ ಎಡಿಪಿ, ಅಂದರೆ ಅದರ ಮೇಲ್ಮೈ ಇರಬೇಕಾದ ತಾಪ, 11 ಡಿಗ್ರಿಯ ಹತ್ತಿರ ಬೀಳುತ್ತದೆ. ಯಂತ್ರ ಆರಿಸುವಾಗ ಕ್ಯಾಟಲಾಗಿನಲ್ಲಿ ಟನ್ ಬಿಟ್ಟು ಮೊದಲು ಇದನ್ನೇ ನೋಡಿದೆ.

ಹೋಮದ ಹೊಗೆಗೆ ಮಂಟಪದ ಮೇಲೆ 1,500 ಸಿಎಫ್‌ಎಂ ಎಕ್ಸಾಸ್ಟ್ ಕೊಟ್ಟಿದ್ದೇವೆ. ಹೊರಹೋಗುವ ಗಾಳಿಗಿಂತ ಒಳಬರುವ ಒಣ ಗಾಳಿ ಹೆಚ್ಚಿರಲೇಬೇಕು, ಇಲ್ಲವಾದರೆ ಬಾಗಿಲು ತೆರೆದಾಗಲೆಲ್ಲ ಊಟದ ಹಾಲ್‌ನ ಹಬೆ, ಹೊರಗಿನ ಸೆಕೆ ನುಗ್ಗುತ್ತದೆ. 3,200ರ ಎದುರು 1,500 ಇರುವುದರಿಂದ ಆ ಚಿಂತೆ ಇಲ್ಲ.

ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್ ಆಸುಪಾಸಿನ ತುಳು ತಿಂಗಳು) ಮದುವೆಗಳಿಲ್ಲ, ಆದರೆ ಹಾಲ್ ಸಭೆ ಸಮಾರಂಭಗಳಿಗೆ ಬಾಡಿಗೆ ಹೋಗುತ್ತದೆ. ಆಗ ಹೊರಗೆ 27 ಡಿಗ್ರಿ, ಬಿಡದ ಮಳೆ. ಗಾಳಿಯಲ್ಲಿನ ನೀರು ಮಾತ್ರ ಮೇ ತಿಂಗಳಷ್ಟೇ, ಕಿಲೋಗೆ 21 ಗ್ರಾಂ ಮೇಲೆ. ಅದಕ್ಕಾಗಿ ಟಿಎಫ್‌ಎಯನ್ನು ಥರ್ಮೋಸ್ಟಾಟಿಗೆ ಕಟ್ಟಲಿಲ್ಲ. ಒಳಗಿನ ಆರ್ದ್ರತೆ ನೋಡಿ ಕಾಯಿಲ್ ನಡೆಯುತ್ತದೆ, ಕಾರ್ಬನ್ ಡೈಆಕ್ಸೈಡ್ ಸೆನ್ಸರ್ ನೋಡಿ ಅದರ ಫ್ಯಾನ್ ಏರಿಳಿಯುತ್ತದೆ. ಹಾಲಿನ ಮ್ಯಾನೇಜರಿಗೆ ಹೇಳಿಕೊಟ್ಟದ್ದು ಇಷ್ಟು: ಮುಹೂರ್ತಕ್ಕೆ ಎರಡು ಗಂಟೆ ಮುಂಚೆ ಟಿಎಫ್‌ಎ, ಒಳಗಿನ ಯಂತ್ರಗಳು ಎರಡನ್ನೂ ಶುರು ಮಾಡಿ, ಮಳೆಗಾಲದಲ್ಲಿ ಜನ ಕಡಿಮೆ ಇದ್ದರೆ ಒಳಗಿನ ಯಂತ್ರಗಳಲ್ಲಿ ಅರ್ಧ ನಿಲ್ಲಿಸಿ, ಟಿಎಫ್‌ಎಯನ್ನು ಮಾತ್ರ ಮುಟ್ಟಬೇಡಿ.